ಈ ಬ್ಯಾಗು ನೀವೇ ಕಟ್ಟಿದ್ದಾ?

“ಈ ಪಾಸ್‌ಪೋರ್ಟ್ ಇಟ್ಕೊಂಡು ನೀವು ವಿಮಾನ ಹತ್ತಕ್ಕಾಗಲ್ಲ ಅಕ್ಕಾ.”

ಚಳ್ಳಕೆರೆ ಬಸ್‌ಸ್ಟ್ಯಾಂಡ್ ಎದುರಿನ ತನ್ನ ಪುಟ್ಟ ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿಯಲ್ಲಿ ಹೊನ್ನೂರಸ್ವಾಮಿ ಹೀಗೆ ಹೇಳಿದಾಗ ಎದುರಿಗೆ ನಿಂತಿದ್ದವಳು ಗಾಬರಿಯಾಗಬೇಕಿತ್ತು. ಬೇರೆ ಯಾರೇ ಆಗಿದ್ದರೂ ಆಗುತ್ತಿದ್ದರು. ಕೆಲವರಂತೂ ಜಗಳಕ್ಕೇ ನಿಲ್ಲುತ್ತಿದ್ದರು.

ಶಶಿರೇಖಾ ಮಾತ್ರ “ಹೌದಾ” ಅಂದಳು. ಅಷ್ಟೇ.

ಅವನು ತಲೆ ಎತ್ತಿ ನೋಡಿದ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕಣ್ಣು ಅವನ ಹಿಂದಿನ ಕ್ಯಾಲೆಂಡರ್ ಕಡೆ ಇತ್ತು, ಆದರೆ ಅವಳು ಅದನ್ನು ನೋಡುತ್ತಿರಲಿಲ್ಲ.

“ಯಾಕೆ ಅಂತ ಕೇಳಲ್ವಾ?”

“ಯಾಕೆ?”

“ಇದರ ಅವಧಿ ಇನ್ನು ನಾಲ್ಕೇ ತಿಂಗಳು ಐತೆ. ಹೊರದೇಶಕ್ಕೆ ಹೋಗೋರಿಗೆ ಕಡಿಮೆ ಅಂದ್ರೂ ಆರು ತಿಂಗಳು ಇರ್ಬೇಕು. ಇಲ್ಲಾಂದ್ರೆ ಏರ್‌ಪೋರ್ಟ್ ಕೌಂಟರಿಂದಾನೇ ವಾಪಸ್ ಕಳಿಸ್ತಾರೆ. ಮೊದ್ಲು ಹೊಸದು ಮಾಡಿಸ್ಬೇಕು.”

“ಮಾಡ್ಸಿ.”

ಎಂಥ ಹೆಂಗಸಪ್ಪಾ ಇವಳು... ಅಂದುಕೊಂಡ ಹೊನ್ನೂರಸ್ವಾಮಿ. ಪಾಪ, ಅವನಿಗೇನು ಗೊತ್ತು?

ಶಶಿರೇಖಾ ಮೊಳಕಾಲ್ಮೂರಿನ ನೇಕಾರರ ಮನೆಯ ಸೊಸೆ. ಆ ಪಾಸ್‌ಪೋರ್ಟ್ ಮಾಡಿಸಿದ್ದು ಅವಳ ಗಂಡ ರಾಮಾಂಜನೇಯ. ಮದುವೆಯಾದ ಹೊಸತರಲ್ಲಿ, ಒಂದು ಸಲ ಹೆಂಡತಿಯನ್ನು ವಿಮಾನ ಹತ್ತಿಸಬೇಕು ಅಂತ ಅವನಿಗೆ ಆಸೆ. ಎಲ್ಲಿಗೆ ಅಂತ ಅವನಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಕಾಮಾಲೆ ತಿರುಗಿ ಹದಿನೆಂಟು ದಿನದಲ್ಲಿ ಹೊರಟುಹೋದ. ಶಶಿರೇಖಾ ಅಳಲಿಲ್ಲ. ಅಳು ಬರಲಿಲ್ಲ. ಅವತ್ತಿನಿಂದ ಅವಳಿಗೆ ಏನೂ ಬರಲಿಲ್ಲ... ಕೋಪ, ನಗು, ಹಸಿವು, ಯಾವುದೂ. ಮಗ್ಗದಲ್ಲಿ ಕೂರುತ್ತಿದ್ದಳು, ನೇಯುತ್ತಿದ್ದಳು, ಏಳುತ್ತಿದ್ದಳು.

ಮಸ್ಕತ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕ ನಿರ್ಮಲಾ ಇದನ್ನು ನೋಡಲಾರದೆ, “ನನ್ನ ಹತ್ರ ಬಂದ್ಬಿಡು. ವೀಸಾ, ಟಿಕೆಟ್ಟು ಎಲ್ಲಾ ನಾನು ನೋಡ್ಕೊಳ್ತೀನಿ” ಅಂದಿದ್ದಳು. ಶಶಿರೇಖಾ “ಹೂಂ” ಅಂದಿದ್ದಳು. ಬೇಡ ಅನ್ನುವುದಕ್ಕೂ ಮನಸ್ಸು ಬೇಕಲ್ಲ.

ಹೊನ್ನೂರಸ್ವಾಮಿ ಹೊಸ ಅರ್ಜಿ ತುಂಬತೊಡಗಿದ. ಒಂದು ಕಡೆ ಅವನ ಕೈ ನಿಂತಿತು.

“ಗಂಡನ ಹೆಸರು ಹಳೇದ್ರಲ್ಲಿ ಐತೆ. ಅವರ ಆಧಾರ್...”

ಅವಳು ಚೀಲದಿಂದ ಮರಣ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟಳು. “ವಿಧವೆ ಅಂತ ಹಾಕ್ರಿ.”

ಕರೆಂಟ್ ಬಿಲ್ಲು ಕೊಟ್ಟಷ್ಟೇ ಸಲೀಸಾಗಿ ಕೊಟ್ಟಳು. ಅವನಿಗೆ ಮಾತ್ರ ಟೈಪ್ ಮಾಡಲು ಬೆರಳು ಏಳಲಿಲ್ಲ. ಎದ್ದುಹೋಗಿ ಎರಡು ಚಹಾ ತಂದ. ಒಂದನ್ನು ಅವಳ ಮುಂದಿಟ್ಟು, ಆಮೇಲೆ ಆ ಪದ ಟೈಪ್ ಮಾಡಿದ.

ಅವತ್ತಿನದೂ ಸೇರಿ ಎರಡು ತಿಂಗಳಲ್ಲಿ ಅವಳು ಐದು ಸಲ ಚಳ್ಳಕೆರೆಗೆ ಬಂದಳು. ಪಾಸ್‌ಪೋರ್ಟ್ ಕಚೇರಿಯ ದಿನಾಂಕಕ್ಕೆ, ಪೊಲೀಸ್ ತಪಾಸಣೆ ವಿಚಾರಿಸಲಿಕ್ಕೆ, ವೀಸಾ ಪ್ರಿಂಟಿಗೆ. ಪ್ರತಿ ಕಾಗದಕ್ಕೂ ಅವನು ಮೂರು ಜೆರಾಕ್ಸ್ ಮಾಡುತ್ತಿದ್ದ. “ಒಂದು ಕಳ್ಕೊಳ್ಳಕ್ಕೆ, ಒಂದು ಮರೆಯಕ್ಕೆ, ಒಂದು ಕೊಡಕ್ಕೆ” ಅನ್ನುತ್ತಿದ್ದ. ಅವಳು ನಗುತ್ತಿರಲಿಲ್ಲ. ಅವನು ಹೇಳುವುದನ್ನು ಬಿಡುತ್ತಿರಲಿಲ್ಲ.

ಮೂರನೇ ಸಲ ಅತ್ತೆ ಕೊಟ್ರಮ್ಮನೂ ಜೊತೆಗೆ ಬಂದಿದ್ದಳು. ಅವತ್ತು ಹೊನ್ನೂರಸ್ವಾಮಿ ಕುರ್ಚಿ ಎಳೆದುಕೊಂಡು ಏರ್‌ಪೋರ್ಟ್ ಅಧಿಕಾರಿಯ ಹಾಗೆ ಕೂತ. ಮೊದಲ ಸಲ ಹೋಗುವವರಿಗೆಲ್ಲ ಅವನು ಹೀಗೆ ಅಭ್ಯಾಸ ಮಾಡಿಸುತ್ತಿದ್ದ.

“ಬ್ಯಾಗು ಇಲ್ಲಿಡಿ. ಕೈಚೀಲದಲ್ಲಿ ಕತ್ತರಿ, ಚಾಕು ಏನೂ ಇರ್ಬಾರ್ದು. ಈಗ ಕೇಳ್ತಾರೆ ನೋಡಿ... ಈ ಬ್ಯಾಗು ನೀವೇ ಕಟ್ಟಿದ್ದಾ?”

“ಹೂಂ.”

“ಬೇರೆ ಯಾರಾದ್ರೂ ಏನಾದ್ರೂ ಕೊಟ್ಟಿದಾರಾ?”

“ಇಲ್ಲ.”

“ಹಾಂ, ಹಂಗೇ ಹೇಳ್ಬೇಕು. ಕೊಟ್ಟಿದಾರೆ ಅಂದ್ರೆ ಮುಗೀತು, ವಿಮಾನ ಹತ್ತಿಸಲ್ಲ.”

“ನೀನು ಎಷ್ಟು ಸಲ ಹತ್ತಿದೀಯಪ್ಪ?” ಅಂತ ಕೊಟ್ರಮ್ಮ ಕೇಳಿದಳು.

“ನಾನೆಲ್ಲಿ ಹತ್ತಲಿ ಅಜ್ಜಿ? ಹಿರಿಯೂರು ದಾಟಿದ್ದೇ ನಾಲ್ಕು ಸಲ.”

ಕೊಟ್ರಮ್ಮ ಬಿದ್ದು ಬಿದ್ದು ನಕ್ಕಳು. ಶಶಿರೇಖಾಳ ತುಟಿಯ ಒಂದು ತುದಿ ಸ್ವಲ್ಪವೇ ಅಲ್ಲಾಡಿತು. ಹೊನ್ನೂರಸ್ವಾಮಿ ಅದನ್ನು ಕಂಡ. ಅವತ್ತು ಇಡೀ ದಿನ ಬಂದವರಿಗೆಲ್ಲ ಮೂರರ ಬದಲು ನಾಲ್ಕು ಜೆರಾಕ್ಸ್ ಮಾಡಿ ಕೊಟ್ಟ.

ವಾಪಸ್ ಬಸ್ಸಿನಲ್ಲಿ ಕೊಟ್ರಮ್ಮ ಸೊಸೆಯ ತೋಳು ತಿವಿದಳು. “ಅಮ್ಮಾಯಿ, ಆ ಹುಡುಗ ಎಲ್ಲರಿಗೂ ಅಕ್ಕಾ ಅಕ್ಕಾ ಅಂತಾನೆ. ನಿನಗೆ ಅನ್ನಲ್ಲ. ನೋಡಿದ್ಯಾ?”

ನೋಡಿದ್ದಳು. ಎರಡನೇ ಸಲದಿಂದಲೇ ಅವನು ನಿಲ್ಲಿಸಿದ್ದ. ಆದರೆ ಅದನ್ನು ಇಟ್ಟುಕೊಂಡು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಕಿಟಕಿಯ ಆಚೆ ನೋಡುತ್ತಾ ಕೂತಳು.

ಈ ಹೊನ್ನೂರಸ್ವಾಮಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಮೂವತ್ತೈದು ವಯಸ್ಸು. ಹಾಸಿಗೆ ಹಿಡಿದ ಅವ್ವನನ್ನು ಒಂಬತ್ತು ವರ್ಷ ನೋಡಿಕೊಳ್ಳುವುದರಲ್ಲಿ ಮದುವೆ ಮರೆತೇಹೋಗಿತ್ತು. ಅವ್ವ ಹೋಗಿ ವರ್ಷವಾಗಿತ್ತು. ಒಳ್ಳೆಯವನೇ, ಸಂಶಯವಿಲ್ಲ. ಆದರೆ ದಿನಕ್ಕೆ ನೂರು ಜನರ ಜೊತೆ ಹರಟುವ ಈ ಮನುಷ್ಯನಿಗೆ ಬೇಕಾದವಳ ಮುಂದೆ ಎರಡು ಮಾತು ಆಡುವ ಧೈರ್ಯವಿರಲಿಲ್ಲ. ಅದಕ್ಕೇ ಬರೆದ.

ಗುರುವಾರ ರಾತ್ರಿ ಎಂಟಕ್ಕೆ ಬೆಂಗಳೂರಿನಿಂದ ವಿಮಾನ. ಅದರ ಹಿಂದಿನ ಶನಿವಾರ, ಐದನೇ ಭೇಟಿಯಲ್ಲಿ, ಅವನು ಅವಳಿಗೆ ಪ್ಲಾಸ್ಟಿಕ್ ಫೈಲ್ ಕೊಟ್ಟ. ಪಾಸ್‌ಪೋರ್ಟ್, ಟಿಕೆಟ್, ವೀಸಾ, ಎಲ್ಲದರ ಮೂರು ಮೂರು ನಕಲು. ಎಲ್ಲಕ್ಕಿಂತ ಕೆಳಗೆ ಕೈಬರಹದ ಒಂದು ಹಾಳೆ.

“ಮನೆಗೆ ಹೋಗಿ ಪೂರ್ತಿ ನೋಡಿ. ಕೊನೇ ಹಾಳೆ ತನಕ...” ಅಂದ. ಅವನ ಕಿವಿ ಕೆಂಪಾಗಿತ್ತು.

“ನೋಡ್ತೀನಿ.”

ನೋಡಲಿಲ್ಲ! ಫೈಲನ್ನು ಮಗ್ಗದ ಪಕ್ಕ ಇಟ್ಟು ಕೈಕಾಲು ತೊಳೆಯಲು ಹೋದಳು. ಎಡವಟ್ಟಾಗಿದ್ದು ಅಲ್ಲೇ.

ಆ ಮನೆಯಲ್ಲಿ ಒಂದು ಪದ್ಧತಿ. ನೇಯ್ದಷ್ಟು ಸೀರೆಯನ್ನು ಮಗ್ಗದ ಮುಂದಿನ ಮರದ ದಿಂಡಿಗೆ ಸುತ್ತುತ್ತಾ ಹೋಗುತ್ತಾರೆ. ಜರಿಗೆ ಜರಿ ಉಜ್ಜಬಾರದು ಅಂತ ಸುತ್ತುಗಳ ನಡುವೆ ಕಾಗದ ಇಡುತ್ತಾರೆ. ಅವತ್ತು ಕೊಟ್ರಮ್ಮನ ಕೈಗೆ ಕಾಗದ ಸಿಗಲಿಲ್ಲ. ಫೈಲು ನೋಡಿದಳು. ಅವಳಿಗೆ ಓದಲು ಬಾರದು. ಒಂದೊಂದಕ್ಕೆ ಮೂರು ಮೂರು ಅವೆ, ಕೊನೇದೊಂದು ಹೋದ್ರೆ ಏನಂತೆ... ಅಂದುಕೊಂಡು ಕೆಳಗಿನ ಹಾಳೆ ಎಳೆದು, ರೇಷ್ಮೆಯ ಮೇಲಿಟ್ಟು, ದಿಂಡು ತಿರುಗಿಸಿದಳು. ಹೊನ್ನೂರಸ್ವಾಮಿ ಮೂರು ದಿನ ಕೂತು ಬರೆದ ಮಾತು ಸೀರೆಯೊಳಗೆ ಸುತ್ತಿಕೊಂಡುಬಿಟ್ಟಿತು.

ಆ ಸೀರೆ ಶಶಿರೇಖಾಳ ಕೊನೆಯ ಸೀರೆ. ಕೈ ಬದಲಾದರೆ ನೇಯ್ಗೆಯಲ್ಲಿ ಗೆರೆ ಕಾಣುತ್ತದೆ, ಹಾಗಾಗಿ ಅವಳೇ ಮುಗಿಸಿ ಹೊರಡಬೇಕು. ಭಾನುವಾರದಿಂದ ಎದ್ದರೆ ಮಗ್ಗ, ಕೂತರೆ ಮಗ್ಗ.

ಬುಧವಾರ ಮಧ್ಯಾಹ್ನ ಅವಳು ಫೋನ್ ಕೈಗೆ ತೆಗೆದುಕೊಂಡಳು. ಆನ್‌ಲೈನಲ್ಲಿ ಸೀಟು ಹಿಡಿಯುವ ಚೆಕ್-ಇನ್ ಬುಧವಾರ ಅಂತ ಅವನು ಹಿಂದೆಯೇ ಹೇಳಿದ್ದು ನೆನಪಿತ್ತು. ಆದರೆ ಫೋನ್ ಮಾಡಿದ್ದು ಅದಕ್ಕೊಂದಕ್ಕೇ ಅಲ್ಲ. ಅವನು ಏನಾದರೂ ಅನ್ನಬಹುದು... ಹೋಗಬೇಡಿ ಅಂತಲೋ, ಹೋಗಿ ಬನ್ನಿ ಅಂತಲೋ. ಏನಾದರೂ.

“ನಾನು, ಶಶಿರೇಖಾ. ಚೆಕ್-ಇನ್ ಮಾಡಿಬಿಡ್ರಿ.”

ಆ ಕಡೆ ಕುರ್ಚಿ ಸರಿದ ಸದ್ದಷ್ಟೇ ಕೇಳಿಸಿತು.

“ಹಲೋ?”

“ಮಾಡ್ತೀನಿ.” ಅವನ ದನಿ ಸಣ್ಣಗಾಗಿತ್ತು. “ಕಿಟಕಿ ಪಕ್ಕ ಹಾಕ್ಲಾ?”

“ಯಾವುದಾದ್ರೂ.”

“ಸರಿ.”

ಅವಳು ಕಾದಳು. ಅವನೂ ಫೋನ್ ಇಡಲಿಲ್ಲ. ಕೊನೆಗೆ ಅವಳೇ ಇಟ್ಟಳು. ಹತ್ತು ನಿಮಿಷಕ್ಕೆ ಬೋರ್ಡಿಂಗ್ ಪಾಸ್ ಮೊಬೈಲಿಗೆ ಬಂತು. ಕಿಟಕಿ ಸೀಟು. ಕೆಳಗೆ ‘ಶುಭ ಪ್ರಯಾಣ’ ಅಂತ ಎರಡೇ ಪದ.

ಇಷ್ಟೇನಾ... ಅನ್ನಿಸಿತು ಅವಳಿಗೆ. ನನ್ನದೇ ಭ್ರಮೆ. ಅವನಿಗೆ ನಾನು ಒಂದು ಟಿಕೆಟ್ಟು. ಎದೆಯಲ್ಲಿ ಏನೋ ಚುರುಕ್ ಅಂದ ಹಾಗಾಯಿತು. ನಾಲ್ಕು ವರ್ಷದಿಂದ ಏನೂ ಆಗದ ಜಾಗ ಅದು. ಅವಳು ಅದನ್ನು ಅಲ್ಲೇ ಬಿಟ್ಟು ಲಾಳಿ ಎಸೆಯತೊಡಗಿದಳು.

ಗುರುವಾರ ಬೆಳಗ್ಗೆ ಏಳಕ್ಕೆ ಸೀರೆ ಮುಗಿಯಿತು. ಒಂಬತ್ತಕ್ಕೆ ಬಸ್ಸು. ಕೊಟ್ರಮ್ಮ ಮಗ್ಗಕ್ಕೆ ಕುಂಕುಮ ಇಟ್ಟಳು. ಶಶಿರೇಖಾ ಸೀರೆ ಕತ್ತರಿಸಿದಳು. ಇಬ್ಬರೂ ಆ ತುದಿ ಈ ತುದಿ ಹಿಡಿದು ದಿಂಡಿನಿಂದ ಬಿಚ್ಚುತ್ತಾ ಬಂದರು.

ಹಾಳೆ ಜಾರಿ ಅವಳ ಕಾಲಿನ ಮೇಲೆ ಬಿತ್ತು. ಹಳೇ ಪೇಪರ್ ಇರಬೇಕು ಅಂತ ಎತ್ತಿಕೊಂಡಳು. ಅಕ್ಷರ ಕಂಡವು.

‘ಬಾಯಲ್ಲಿ ಹೇಳಲು ಬರಲಿಲ್ಲ, ಕ್ಷಮಿಸಿ. ನಿಮ್ಮ ದಾಖಲೆಗಳೆಲ್ಲ ಸರಿ ಇವೆ. ನಿಮ್ಮನ್ನು ಯಾರೂ ತಡೆಯುವುದಿಲ್ಲ. ಆದರೆ ನೀವು ಹೋಗದಿದ್ದರೆ ನನಗೆ ಸಂತೋಷ. ನನ್ನನ್ನು ಮದುವೆ ಆಗುತ್ತೀರಾ? ಬುಧವಾರ ನಾನಾಗಿ ಚೆಕ್-ಇನ್ ಮಾಡುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಫೋನ್ ಮಾಡಿ, ಚೆಕ್-ಇನ್ ಮಾಡಿ ಅಂತ ಅಷ್ಟೇ ಹೇಳಿ. ಮಾಡಿ ಕಳಿಸುತ್ತೇನೆ. ಮತ್ತೆ ಈ ಮಾತು ಎತ್ತುವುದಿಲ್ಲ.’

ಎರಡು ಸಲ ಓದಿದಳು. ಚೆಕ್-ಇನ್ ಮಾಡಿಬಿಡ್ರಿ... ಅವಳದೇ ದನಿ ಅವಳಿಗೆ ಕೇಳಿಸಿತು.

“ಇದು ಇಲ್ಲಿಗೆ ಹೆಂಗೆ ಬಂತು?”

“ನಾನೇ ಇಟ್ಟೆ. ಕಾಗದ ಇರ್ಲಿಲ್ಲ. ಮೂರು ಮೂರು ಇದ್ವಲ್ಲ ಅಂತ...”

“ಯಾರನ್ನ ಕೇಳಿ ತಗೊಂಡ್ರಿ!” ಶಶಿರೇಖಾ ಕಿರುಚಿದಳು. “ನನ್ನ ಕಾಗದ ಅದು! ಒಂದು ಮಾತು ಕೇಳಕ್ಕೆ ಏನಾಗಿತ್ತು ನಿಮಗೆ?”

ಕೊಟ್ರಮ್ಮ ಬಾಯಿ ತೆರೆದು ನಿಂತಳು. ಆಮೇಲೆ, ನಂಬುತ್ತೀರೋ ಇಲ್ಲವೋ, ಅವಳ ಮುಖ ಅರಳಿತು.

“ಬೈಯಿ ತಾಯಿ, ಇನ್ನೂ ಬೈಯಿ. ನಾಲ್ಕು ವರ್ಷ ಆದ್ಮೇಲೆ ನನ್ನ ಸೊಸೆ ಬಾಯಿ ಬಿಟ್ಟಳು.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಏನು ಬರ್ದೈತೆ ಅದ್ರಲ್ಲಿ?”

ಶಶಿರೇಖಾ ಅಲ್ಲೇ ಕೂತು ಓದಿ ಹೇಳಿದಳು. ಓದುವಾಗ ಎರಡು ಕಡೆ ತಡವರಿಸಿದಳು. ಸಂತೋಷ ಅನ್ನಲಾರೆ, ಅದು ಭಯ. ಆದರೆ ಸತ್ತ ಮನಸ್ಸಿಗೆ ಭಯ ಆಗುವುದಿಲ್ಲವಲ್ಲ.

“ಅತ್ತೆ, ನಾನೇನು ಮಾಡ್ಲಿ?”

“ನನ್ನ ಮಗ ನಿನ್ನ ವಿಮಾನ ಹತ್ತಿಸ್ಬೇಕು ಅಂತಿದ್ದ. ನೀನು ನಗ್ತಾ ಇರ್ಬೇಕು ಅಂತ ತಾನೇ? ಎಲ್ಲಿ ನಗ್ತೀಯೋ ಅಲ್ಲಿಗೆ ಹೋಗಮ್ಮ. ಬ್ಯಾಗ್ ತಗೋ, ಬಸ್ ಬರುತ್ತೆ.”

ಬೆಂಗಳೂರಿನ ಬಸ್ಸು ಚಳ್ಳಕೆರೆ ಮೇಲೆಯೇ ಹೋಗುವುದು. ದಾರಿಯಲ್ಲಿ ಅವಳು ಮಸ್ಕತ್‌ಗೆ ಫೋನ್ ಮಾಡಿದಳು.

“ಅಕ್ಕಾ, ನಾನು ಬರಲ್ಲ. ನನಗೆ... ನನಗೆ ಇಲ್ಲಿ ಇರೋದು ಬೇಕು.”

“ಬೇಕು ಅಂದ್ಯಾ?” ಅಂದಳು ನಿರ್ಮಲಾ. “ನಿನ್ನ ಬಾಯಲ್ಲಿ ಆ ಮಾತು ಕೇಳಿ ಎಷ್ಟು ದಿನ ಆಯ್ತೇ. ಇರು ಹಂಗಾದ್ರೆ. ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ತೀನಿ.”

ಹೊನ್ನೂರಸ್ವಾಮಿ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದ. ಜೆರಾಕ್ಸ್ ಮೆಷಿನ್ ಆಫ್ ಆಗಿತ್ತು. ಬ್ಯಾಗ್ ಹೊತ್ತು ಬಂದವಳನ್ನು ಕಂಡು ದಡಬಡಿಸಿ ಎದ್ದ.

“ಬಸ್ ಬಿಟ್ಟು ಹೋಯ್ತಾ? ಕೌಂಟರ್ ಏಳಕ್ಕೇ ಮುಚ್ತಾರೆ. ಗಾಬರಿ ಬೇಡ, ಟೈಮ್ ಐತೆ, ಕಾರು ಮಾಡ್ತೀನಿ. ಪಾಸ್‌ಪೋರ್ಟ್ ಐತಾ? ವೀಸಾ?”

ನೋಡಿ ಇವನನ್ನ! ಎದೆ ಒಡೆದಿದ್ದರೂ ಅವಳನ್ನು ಹೊತ್ತಿಗೆ ಸರಿಯಾಗಿ ಕಳಿಸುವ ಚಿಂತೆ.

ಅವಳು ಬ್ಯಾಗನ್ನು ಅವನ ಮೇಜಿನ ಮೇಲಿಟ್ಟಳು. “ಕೂತ್ಕೊಳ್ರಿ. ಕೌಂಟರಲ್ಲಿ ಕೇಳೋದು ಕೇಳ್ರಿ.”

“ಈಗಲಾ?”

“ಹೂಂ. ಈಗ.”

ಅವನು ನಿಧಾನಕ್ಕೆ ಕೂತ. ಗಂಟಲು ಸರಿಮಾಡಿಕೊಂಡ.

“ಈ ಬ್ಯಾಗು ನೀವೇ ಕಟ್ಟಿದ್ದಾ?”

“ನಾನೇ.”

“ಬೇರೆ ಯಾರಾದ್ರೂ... ಏನಾದ್ರೂ ಕೊಟ್ಟಿದಾರಾ?”

“ಕೊಟ್ಟಿದಾರೆ.”

ದಿಂಡಿನಲ್ಲಿ ಸುತ್ತಿ ಸುರುಳಿಯಾಗಿದ್ದ ಹಾಳೆಯನ್ನು ಅವನ ಮುಂದೆ ಬಿಡಿಸಿ, ಮತ್ತೆ ಸುತ್ತಿಕೊಳ್ಳದಂತೆ ಅಂಗೈಯಲ್ಲಿ ಒತ್ತಿ ಹಿಡಿದಳು. “ನಮ್ಮತ್ತೆ ಸೀರೆಗೆ ಸುತ್ತಿಬಿಟ್ಟಿದ್ರು. ಇವತ್ತು ಬೆಳಗ್ಗೆ ಓದಿದೆ.”

ಅವನು ಹಾಳೆ ನೋಡಿದ, ಅವಳನ್ನು ನೋಡಿದ.

“ಹಂಗಾದ್ರೆ ನಿನ್ನೆ ಫೋನ್ ಮಾಡಿದ್ದು...”

“ಓದದೇ ಮಾಡಿದ್ದು. ನೀವು ಏನಾದ್ರೂ ಅಂತೀರೇನೋ ಅಂತ ಕಾದೆ. ಕಿಟಕಿ ಸೀಟು ಬೇಕಾ ಅಂದ್ರಿ.”

ಅವನ ಕಣ್ಣು ತುಂಬಿತು. ಅವನು ಅದನ್ನು ಮುಚ್ಚಲೂ ಇಲ್ಲ.

“ನನ್ನೊಳಗೆ ಇನ್ನೂ ಎಲ್ಲಾ ಸರಿ ಹೋಗಿಲ್ಲ” ಅಂದಳು ಶಶಿರೇಖಾ. “ಒಂದೊಂದು ದಿನ ಏನೂ ಅನ್ಸಲ್ಲ ನನಗೆ. ಮಾತೂ ಬರಲ್ಲ.”

“ನಾನು ಮಾತಾಡ್ತೀನಿ. ಅದಕ್ಕೇನು ಬರಗಾಲ.”

“ಅತ್ತೆ ನನ್ನ ಜೊತೆನೇ ಇರ್ತಾರೆ.”

“ಮಗ್ಗಕ್ಕೆ ಎಷ್ಟು ಜಾಗ ಬೇಕು?”

ಅವಳ ತುಟಿ ಅಲ್ಲಾಡಿತು. ಈ ಸಲ ಎರಡೂ ತುದಿ.

ಅವನು ಕಂಪ್ಯೂಟರ್ ತಿರುಗಿಸಿಕೊಂಡ. ಕೌಂಟರ್ ಮುಚ್ಚುವ ಮುಂಚೆ ಚೆಕ್-ಇನ್ ರದ್ದು ಮಾಡಬೇಕು, ಸೀಟು ಬೇರೆ ಯಾರಿಗಾದರೂ ಆಗುತ್ತದೆ. ಬೆರಳು ಇಟ್ಟವನು ಒಂದು ಕ್ಷಣ ತಡೆದ.

“ಒತ್ಲಾ?”

“ಕೊಟ್ಟಿದಾರೆ ಅಂದ್ರೆ ವಿಮಾನ ಹತ್ತಿಸಲ್ಲ ಅಂದಿದ್ರಲ್ಲ ನೀವು.”

“ಹೌದು ಶಶಿರೇಖಾ” ಅಂದ ಅವನು, ಮೊದಲ ಸಲ ಅವಳ ಹೆಸರು ಹಿಡಿದು. “ಹತ್ತಿಸಲ್ಲ.”