ಎರಡೂವರೆ ಗಂಟೆಯ ಸಂಸಾರ

ಸಿಡಿ ಒರೆಸುವಾಗ ಬಟ್ಟೆ ನಡುವಿನಿಂದ ಅಂಚಿಗೆ ಹೋಗಬೇಕು, ಸುತ್ತ ತಿರುಗಿಸಬಾರದು. ಹೀಗೆಂದು ನನಗೆ ಕಲಿಸಿಕೊಟ್ಟವರೇ ಅಮರೇಶ್. ಅವತ್ತು ಅವರು ಕೇಬಲ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ ನಾನು ಒರೆಸುತ್ತಾ ಕೂತಿದ್ದೆ. ಎದುರಿನ ಸ್ಟೂಲಿನ ಮೇಲೆ ಕೂತು, ತಾವೂ ಒಂದು ಸಿಡಿ ತೆಗೆದುಕೊಂಡು ಒರೆಸತೊಡಗಿದರು. ಸುತ್ತ ತಿರುಗಿಸಿ ಒರೆಸುತ್ತಿದ್ದರು.

ನಾನು ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡೆ.

"ಅಮ್ಮನಿಗೆ ಹೇಳ್ಬುಟ್ಟೆ," ಅಂದರು.

"ಏನಂತ?"

"ಎಲ್ಲಾನೂ. ಟಿವೀಲಿ ಬರೋ ದನಿ ನಿಂದು ಅಂತ. ಮದುವೆ ಅಂತ ಆದ್ರೆ ನಿನ್ನನ್ನೇ ಅಂತ."

ನನ್ನ ಕಿವಿ ಬಿಸಿಯಾಯಿತು. "ಅಮ್ಮಾವ್ರು ಏನಂದ್ರು?"

"ಸಾರು ಬಡಿಸ್ತಿದ್ರು. ಪೂರ್ತಿ ಬಡಿಸಿ ಸೌಟು ಇಟ್ಟು, 'ಯಾರ ಮಗಳು' ಅಂದ್ರು. ವಾಲ್ವ್‌ಮನ್ ಸಣ್ಣಮಾದಯ್ಯನೋರ ಮಗಳು ಅಂದೆ. ಅವರು ಬಿಟ್ಟ ನೀರನ್ನೇ ಅಲ್ವೇನಮ್ಮ ನಾವು ಕುಡಿಯೋದು ಅಂತಾನೂ ಸೇರಿಸಿದೆ."

"ಅದ್ಯಾಕೆ ಅಂದ್ರಿ?"

"ಬಾಯಿಗೆ ಬಂತು. 'ನೀರು ಬಿಡೋರು ಬೇರೆ, ನೆಂಟರು ಬೇರೆ' ಅಂದ್ಬುಟ್ಟು ಒಳಗೆ ಹೋದ್ರು. ಬೆಳಿಗ್ಗೆ ಟೇಬಲ್ ಮೇಲೆ ನನ್ನ ಕಾಫಿ ಇತ್ತು. ಅವರು ಇರ್ಲಿಲ್ಲ."

"ನಿಧಾನಕ್ಕೆ ಹೇಳ್ಬೋದಿತ್ತು."

"ಮೊನ್ನೆ ಧಾರಾವಾಹೀಲಿ ಆ ಹುಡುಗಿ ಬಸ್ ಸ್ಟಾಂಡಲ್ಲಿ ಒಬ್ಬಳೇ ಅತ್ಲಲ್ಲ ಮಿತ್ರ, ಆಗ ಅಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು. 'ಇಂಥ ಹುಡುಗೀನ ಬೇಡ ಅಂತಾಳಲ್ಲ, ಆ ಅತ್ತೆಗೆ ಕಣ್ಣಿಲ್ವಾ' ಅಂದ್ರು. ಅದಕ್ಕೇ ಧೈರ್ಯ ಬಂತು."

ಟಿವಿ ಮುಂದೆ ಬಂದ ಕಣ್ಣೀರನ್ನು ಅವರು ಒಪ್ಪಿಗೆ ಅಂದುಕೊಂಡಿದ್ದರು. ಬೈಯೋಣವೆಂದರೆ, ಅವರ ಮುಖ ನೋಡಿ ಬಾಯಿ ಬರಲಿಲ್ಲ.

ಅದು ಕೊರಿಯಾ ದೇಶದ ಧಾರಾವಾಹಿ. ಎರಡು ಸಾವಿರದ ನಾಲ್ಕನೇ ಇಸವಿ. ಗೋಕುಲಂನಲ್ಲಿ ನಾನು ಮನೆಗೆಲಸ ಮಾಡುತ್ತಿದ್ದ ಮಂಜುಳಮ್ಮನವರ ಮಹಡಿಯಲ್ಲಿ ಸುನ್‌ಹಿ ಅನ್ನುವ ಹುಡುಗಿ ಬಾಡಿಗೆಗಿದ್ದಳು, ಯೋಗ ಕಲಿಯಲು ಬಂದವಳು. ಊರಿಗೆ ಹೊರಡುವ ದಿನ ಒಂದು ಪೆಟ್ಟಿಗೆ ತುಂಬ ಸಿಡಿ ನನ್ನ ಕೈಗಿಟ್ಟು, ತನ್ನ ಅಮ್ಮ ಇದನ್ನು ನೋಡಿ ನೋಡಿ ಅಳುತ್ತಾಳೆಂದು ಕೆನ್ನೆಯ ಮೇಲೆ ಬೆರಳೆಳೆದು ತೋರಿಸಿದಳು.

ನಮ್ಮ ಮನೆಯಲ್ಲಿ ಸಿಡಿ ಪ್ಲೇಯರ್ ಇರಲಿಲ್ಲ. ಪೆಟ್ಟಿಗೆಯನ್ನು ಅಮರೇಶ್ ಹತ್ತಿರ ಒಯ್ದೆ. ಒಂಟಿಕೊಪ್ಪಲ್ಲಿಗೂ ಸುತ್ತಿನ ಬೀದಿಗಳಿಗೂ ಅವರದೇ ಕೇಬಲ್. ಅವರದೊಂದು ಲೋಕಲ್ ಚಾನೆಲ್ ಇತ್ತು. ಅದರಲ್ಲಿ ದಿನಾ ಮಧ್ಯಾಹ್ನ ಅವವೇ ಹಳೇ ಸಿನಿಮಾ ಹಾಕಿ ಬೈಸಿಕೊಳ್ಳುತ್ತಿದ್ದರು. ಧಾರಾವಾಹಿಯಲ್ಲಿ ಮಾತೆಲ್ಲ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅವರು ಬಿ.ಕಾಂ. ಓದಿದವರು. ಪ್ಲೇಯರಿನ ಸೌಂಡ್ ತಗ್ಗಿಸಿ, ಮೈಕ್ ಹಿಡಿದು, ತಾವೇ ಕನ್ನಡದಲ್ಲಿ ಹೇಳತೊಡಗಿದರು.

ಮೊದಲ ದಿನ ಗಂಡಸರಿಗೂ ಹೆಂಗಸರಿಗೂ ಅವರದೇ ದನಿ. ಶಾಮಣ್ಣನ ಟೀ ಅಂಗಡಿಯಲ್ಲಿ, "ಕೇಬಲ್ ಅಮರೇಶ ಇವತ್ತು ಸೀರೆ ಉಟ್ಕೊಂಡಿದ್ದ ಕಣೋ," ಅಂತ ಸಂಜೆಯವರೆಗೂ ನಕ್ಕರು.

ಮಾರನೇ ದಿನ ಅವರು ಮೈಕನ್ನು ನನ್ನ ಮುಂದೆ ತಳ್ಳಿದರು. "ಹೆಂಗಸರ ಮಾತು ನೀನು ಹೇಳು."

"ನಾನಾ? ಏಳನೇ ಕ್ಲಾಸಿಗೇ ಬಿಟ್ಟೋಳು ನಾನು."

"ಕೊರಿಯಾದೋರಿಗೆ ಅದು ಗೊತ್ತಿಲ್ಲ ಬುಡು."

ನಾಲ್ಕು ಜನರ ಎದುರು ನನಗೆ ಮಾತೇ ಹೊರಡುತ್ತಿರಲಿಲ್ಲ. ಆದರೆ ಆ ರೂಮಿನ ಕಿಟಕಿಗೆ ಕರೀ ಬಟ್ಟೆ ಹೊಡೆದಿತ್ತು. ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಬೆಳಿಗ್ಗೆ ಅವರು ಒಂದು ಸಲ ಕಥೆ ತೋರಿಸಿ ಅರ್ಥ ಹೇಳುತ್ತಿದ್ದರು. ಒಂದು ಸಲ ಕೇಳಿದರೆ ನನಗೆ ನೆನಪಿರುತ್ತಿತ್ತು. ಎರಡೂವರೆಗೆ ಬಾಗಿಲು ಹಾಕಿ ಶುರುಮಾಡುತ್ತಿದ್ದೆವು. ಅಪ್ಪನನ್ನು ಕೊರಿಯಾದವರೂ ಅಪ್ಪಾ ಎಂದೇ ಕರೆಯುತ್ತಿದ್ದರು. ಆ ಒಂದು ಮಾತಿಗೆ ಮಾತ್ರ ನಮ್ಮ ಕೆಲಸವಿರಲಿಲ್ಲ.

ಕಥೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಒಂದು ಸಣ್ಣ ಊಟದ ಹೋಟೆಲ್ ನಡೆಸುತ್ತಿದ್ದರು. ಅವರ ಕೊನೇ ಮಗ ಅನಾಥಾಶ್ರಮದಲ್ಲಿ ಬೆಳೆದ ಹುಡುಗಿಯೊಬ್ಬಳನ್ನು ಕರೆತಂದಿದ್ದ. ಮುದುಕಿ ಬೇಡ ಅನ್ನುತ್ತಿದ್ದಳು. ಆ ಮುದುಕಿಯೂ ನಾನೇ, ಹುಡುಗಿಯೂ ನಾನೇ. ನನ್ನನ್ನು ನಾನೇ ಹೊಸ್ತಿಲಾಚೆ ನಿಲ್ಲಿಸಿ ಬೈದುಕೊಳ್ಳುತ್ತಿದ್ದೆ.

ಅಮರೇಶ್ ಮುದುಕ. ಅವರು ಮೈಕಿನ ಹತ್ತಿರ ಬಾಗಿದಾಗ ನಾನೂ ಬಾಗಿರುತ್ತಿದ್ದೆ. ಮೈಕ್ ಒಂದೇ ಇತ್ತು.

"ಉಪ್ಪು ಕಮ್ಮಿ," ಎಂದು ಒಂದು ದಿನ ಮುದುಕ ಗೊಣಗಿದ.

"ನಲವತ್ತು ವರ್ಷದಿಂದ ಕಮ್ಮೀನೇ. ಇವತ್ತು ಗೊತ್ತಾಯ್ತಾ?" ಅಂದೆ.

ಅವರು ತಿರುಗಿ ನೋಡಿದರು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದರು, ಕಣ್ಣಿನಲ್ಲಿ ತಡೆಯಲಾಗಿರಲಿಲ್ಲ. ಮುಗಿದ ಮೇಲೆ ಕೇಳಿದರು, "ಅದು ಕೆಳಗೆ ಬರೆದೇ ಇರ್ಲಿಲ್ವಲ್ಲ?"

"ಅವಳ ಮುಖದಲ್ಲಿತ್ತು."

ಅವತ್ತಿನಿಂದ ಅವರು ಪರದೆಗಿಂತ ಹೆಚ್ಚಾಗಿ ನನ್ನ ಮುಖ ನೋಡತೊಡಗಿದರು. ಹಾಗೆ ನೋಡಿ ಸಾಲು ತಪ್ಪುತ್ತಿದ್ದರು. ಬೀದಿಯಲ್ಲಿ ಎಲ್ಲರೂ ಅವರನ್ನು ಅಮರೇಶಣ್ಣ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಯಾವತ್ತೋ ಆ ಅಣ್ಣ ನನ್ನ ಬಾಯಿಂದ ಬಿದ್ದುಹೋಯಿತು. ಅದರ ಜಾಗಕ್ಕೆ ಏನನ್ನೂ ಇಡಲಾಗದೆ, ಕರೆಯಬೇಕಾದಾಗ ಬಳೆ ಸದ್ದು ಮಾಡುತ್ತಿದ್ದೆ.

"ಏನೂಂತ ಕರೀತಿಲ್ಲ ಈಚೆಗೆ ನನ್ನ," ಅಂದರು ಒಂದು ದಿನ, ವೈರ್ ಸುತ್ತುತ್ತಾ.

"ಕರೆಯೋ ಕೆಲಸ ಬಿದ್ದಿಲ್ಲ."

"ಅಣ್ಣ ಅಂತಿದ್ದೆ."

ನಾನು ಸಿಡಿಗಳನ್ನು ಪೆಟ್ಟಿಗೆಗೆ ಜೋಡಿಸತೊಡಗಿದೆ.

"ಬಿಟ್ಟಿದ್ದು ಒಳ್ಳೇದಾಯ್ತು. ಇನ್ನೊಂದು ಸಲ ಅಂದಿದ್ರೆ ಈ ವೈರಲ್ಲೇ ನೇಣು ಹಾಕ್ಕೋತಿದ್ದೆ."

"ಥೂ, ಬಿಡ್ತು ಅನ್ನಿ."

"ಬಿಡ್ತು. ನನ್ನ ಮದುವೆ ಆಗ್ತೀಯಾ?"

ಹೀಗೆ, ವೈರ್ ಸುತ್ತುತ್ತಾ ಕೇಳಿದರು. ನಾನು ವೈರಿನ ಇನ್ನೊಂದು ತುದಿ ಹಿಡಿದುಕೊಂಡೆ. ಅದನ್ನೇ ಅವರು ಉತ್ತರ ಅಂದುಕೊಂಡರು. ಅದು ಉತ್ತರವೇ ಆಗಿತ್ತು.

ಅವರ ಮನೆ ಜಯಲಕ್ಷ್ಮಿಪುರಂನಲ್ಲಿ. ತಂದೆ ತೀರಿಕೊಂಡಿದ್ದರು, ಇದ್ದವರು ತಾಯಿ ಶಾಂತಾದೇವಿ ಒಬ್ಬರೇ. ಮಠದ ಸ್ವಾಮಿಗಳು ಪಾದಪೂಜೆಗೆ ಬರುವ ಮನೆ ಅದು. ಆ ಮನೆಯ ಪಡಸಾಲೆಗೆ ದಿನಾ ಎರಡೂವರೆಗೆ ನನ್ನ ದನಿ ಹೋಗಿ ಕೂರುತ್ತಿತ್ತು. ನಾನು ಗೇಟಿನವರೆಗೂ ಹೋದವಳಲ್ಲ.

ಈಗ ಆ ತಾಯಿ ಮಗನ ಹತ್ತಿರ ಮಾತು ಬಿಟ್ಟಿದ್ದರು. ಅಡಿಗೆ ಮಾಡಿ ಮುಚ್ಚಿಡುತ್ತಿದ್ದರು, ಇವರು ಬಡಿಸಿಕೊಂಡು ಉಣ್ಣುತ್ತಿದ್ದರು. ಎರಡೂವರೆಗೆ ಇವರು ರೂಮಿಗೆ ಬಂದು ಕೂತರೆ ದನಿಯಲ್ಲಿ ಜೀವ ಇರುತ್ತಿರಲಿಲ್ಲ. ಮುದುಕನ ಕೋಪದ ಮಾತೂ ಸೋತ ಮಾತಿನ ಹಾಗೆ ಕೇಳುತ್ತಿತ್ತು. ನಾನು ಮಾತ್ರ ಬಿಡಲಿಲ್ಲ. ಆ ಹುಡುಗಿಯ ಮಾತು ಬಂದಾಗಲೆಲ್ಲ, ಈಗ ಶಾಂತಾದೇವಿಯವರ ಟಿವಿ ಆಫ್ ಆಗಿದೆಯೋ ಏನೋ ಅಂದುಕೊಳ್ಳುತ್ತಲೇ ಹೇಳುತ್ತಿದ್ದೆ.

ಅದು ಗೊತ್ತಾಗಿದ್ದು ಮಂಜುಳಮ್ಮನವರಿಂದ. ನಾನು ಪಾತ್ರೆ ತಿಕ್ಕುತ್ತಿದ್ದೆ, ಅವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಅಕ್ಕನ ಬಳಗದಲ್ಲಿ ಶಾಂತಕ್ಕ ಸಿಕ್ಕಿದ್ರು ಕಣೆ. ಮುಖ ಇಷ್ಟು ದಪ್ಪ ಮಾಡ್ಕೊಂಡವ್ರೆ. ಮಗ ಯಾವಳನ್ನೋ ಕಟ್ಕೋತೀನಿ ಅಂತಾನಂತೆ, ನಮ್ಮ ಜನ ಅಲ್ವಂತೆ."

ನಾನು ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದೆ.

"ಮಗನ ಜೊತೆ ಮಾತಿಲ್ಲ ಕತೆಯಿಲ್ಲ. ಆದ್ರೆ ಕೇಳು, ಎರಡೂವರೆ ಆದ್ರೆ ಟಿವಿ ಮುಂದೆ ಹಾಜರ್! 'ಇವತ್ತೇನಾಯ್ತು, ಆ ಅತ್ತೆ ಬಾಗಿಲು ತೆಗೆದ್ಲಾ' ಅಂತ ನಾನು ಕೇಳಿದ್ರೆ, 'ಇನ್ನೂ ಇಲ್ಲ' ಅಂತಾರೆ. ನಿಮ್ಮ ಮನೇಲೂ ನೋಡ್ತೀರೇನೆ ಅದನ್ನ?"

"ಹೂಂ, ಅಮ್ಮ ನೋಡ್ತಾರೆ."

"ಆ ದನಿ ಕೊಡೋಳು ಯಾರೋ, ಬಾಯಿಗೆ ಸಕ್ಕರೆ ಹಾಕ್ಬೇಕು."

ಆ ಮನೆಯಲ್ಲಿ ನಾನು ಹೂಂ, ಆಯ್ತಮ್ಮ ಬಿಟ್ಟು ಬೇರೆ ಮಾತಾಡಿದವಳಲ್ಲ. ಅವರಿಗೆ ಹೇಗೆ ತಿಳಿಯಬೇಕು.

ನನ್ನ ತಾಯಿಗೆ ಮೊದಲ ದಿನವೇ ತಿಳಿದಿತ್ತು. ಹೇಳಿರಲಿಲ್ಲ, ಅಷ್ಟೇ. ಗುರುವಾರ ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಮಾತು ತೆಗೆದರು.

"ಭಾನುವಾರ ಮನೋಹರನ ಕಡೆಯೋರು ಎಣ್ಣು ನೋಡಕ್ಕೆ ಬತ್ತಾವ್ರೆ. ಒಳ್ಳೇ ಉಡುಗ. ಬಸ್ಸಲ್ಲಿ ಕಂಡಕ್ಟರು."

"ಅಮ್ಮ, ನಂಗೆ..."

"ಗೊತ್ತು ಕಣೆ. ನನ್ನ ಮಗಳ ದನಿ ನಂಗೆ ಗೊತ್ತಾಗಕಿಲ್ವಾ? ಉಪ್ಪು ಕಮ್ಮಿ ಅಂದ್ರೆ ಇಂಗೆ ತಿರುಗ್ಸಿ ಯೋಳೋಳು ಈ ಬೀದೀಲಿ ನೀನೊಬ್ಳೇ." ಕೂದಲು ಎರಡಾಗಿ ಸೀಳಿದರು. ನೋವಾಯಿತು. "ನಿಮ್ಮಪ್ಪ ಶಾಮಣ್ಣನ ಅಂಗ್ಡೀಲಿ ನಿಂತು ಕೇಳ್ತದೆ. ಮನೇಲಿ ಬಾಯೇ ಬುಡಲ್ಲ. ಅವರ ಮನೆಗೆ ಎಂಗೆ ವೋಯ್ತೀಯೆ? ಅವರವ್ವ ಒಂದು ಸಲ ಬಾ ಅಂದವ್ರಾ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಕರೀದೆ ವೋದೋಳು ಆ ಮನೇಲಿ ಬಾಳೆಲ್ಲ ನಿಂತ್ಕೊಂಡೇ ಇರ್ಬೇಕಾಯ್ತದೆ ಕಣ್ ಮಗ," ಅಂದು ಜಡೆ ಬಿಗಿದರು. ಗೋಡೆಯ ಮೇಲಿನ ಬುದ್ಧನ ಪಟ ನೋಡುತ್ತಾ ಕೂತೆ. ಅಮ್ಮ ಅಂದಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಶನಿವಾರ ಕೊನೆಯ ಕಂತು. ಭಾನುವಾರದ ವಿಷಯ ಹಿಂದಿನ ದಿನವೇ ಅಮರೇಶ್‌ಗೆ ಹೇಳಿದ್ದೆ.

ರೂಮಿಗೆ ಹೋದಾಗ ಅಮರೇಶ್ ಗಡ್ಡ ತೆಗೆದು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡಿದ್ದರು. ನನಗೆ ಭಯವಾಯಿತು.

"ಸೋಮವಾರ ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣ," ಅಂದರು. "ನೋಟಿಸ್ ಕೊಟ್ಟು ಬಂದ್ರೆ ಆಯ್ತು. ಅಮ್ಮ ಒಂದಿನ ಸರಿಹೋಗ್ತಾರೆ."

"ಹೋಗದಿದ್ರೆ?"

"ಹೋಗದಿದ್ರೆ ನಾವಿಬ್ರು ಇರ್ತೀವಲ್ಲ."

"ನೀವು ಊಟಕ್ಕೆ ಕೂತಾಗ ಅವರು ನೆನಪಾಗ್ತಾರೆ. ನಂಗೆ ನನ್ನ ಅಮ್ಮ ನೆನಪಾಗ್ತಾರೆ. ನಾವಿಬ್ರು ಅಂದ್ರೆ ಇಬ್ರೇ ಅಲ್ಲ."

"ಮತ್ತೇನು ಮಾಡೋಣ ಅಂತೀಯ? ನಾಳೆ ಆ ಕಂಡಕ್ಟರ್ ಮುಂದೆ ಕಾಫಿ ತಟ್ಟೆ ಹಿಡ್ಕೊಂಡು ನಿಂತ್ಕೋತೀಯಾ?" ಅವರು ದನಿ ಎತ್ತಿದ್ದು ಅದೇ ಮೊದಲು. ಎತ್ತಿ, ತಾವೇ ಹೆದರಿದವರಂತೆ ನನ್ನ ಬಳೆಯ ಮೇಲೆ ಬೆರಳಿಟ್ಟರು. ಕೈ ಹಿಡಿಯಲಿಲ್ಲ. ಬಳೆ ಮಾತ್ರ ಮುಟ್ಟಿದರು. "ನಿನ್ನ ಬಿಟ್ಟು ನಂಗೆ ಆಗಲ್ಲ ಮಿತ್ರ."

"ನಂಗೂ ಆಗಲ್ಲ."

ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಆವತ್ತೇ. ಅವರ ಕಣ್ಣು ತುಂಬಿತು. ಗಡಿಯಾರದಲ್ಲಿ ಎರಡೂವರೆ ಆಗಿತ್ತು. ಅವರು ಪ್ಲೇಯರಿಗೆ ಸಿಡಿ ಹಾಕಿ, ಮೈಕ್ ಆನ್ ಮಾಡಿದರು.

ಕಥೆಯಲ್ಲಿ ಚಳಿಗಾಲ ಬಂದಿತ್ತು. ಅಂಗಳದ ತುಂಬ ಎಲೆಕೋಸಿನ ರಾಶಿ, ಇಡೀ ಮನೆ ಸೇರಿ ಅದಕ್ಕೆ ಖಾರ ಸವರಿ ಉಪ್ಪಿನಕಾಯಿಯ ಹಾಗೆ ಜಾಡಿಗೆ ತುಂಬುತ್ತಿತ್ತು. ಹುಡುಗಿ ಗೇಟಿನಾಚೆ ನಿಂತಿದ್ದಳು. ಮುದುಕಿ ಅವಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಮಣೆಯನ್ನು ಕಾಲಿನಿಂದ ಅವಳ ಕಡೆಗೆ ಸರಿಸಿದಳು. ಕೆಳಗೆ ಇಂಗ್ಲಿಷಿನಲ್ಲಿ ಏನೂ ಬರಲಿಲ್ಲ. ನಾನೂ ಏನೂ ಹೇಳಲಿಲ್ಲ.

ಸಂಜೆ ಎಲ್ಲರೂ ಒಳಗೆ ಹೋದ ಮೇಲೆ ಮುದುಕ ಮುದುಕಿ ಇಬ್ಬರೇ ಉಳಿದರು.

"ಇಷ್ಟು ವರ್ಷ ನನ್ನ ಜೊತೆ ಇದ್ದೆ," ಎಂದರು ಅಮರೇಶ್, ಮುದುಕನ ಮಾತಾಗಿ. ಮುಂದಿನ ಸಾಲು ಬರಲಿಲ್ಲ. ಪರದೆಯಲ್ಲಿ ಮುದುಕನ ತುಟಿ ಸುಮ್ಮನೆ ಅಲ್ಲಾಡಿತು.

ಆ ಸಾಲು ನನಗೆ ನೆನಪಿತ್ತು. "ಸಾಕಾಯ್ತಾ ಅಂತ ಕೇಳ್ತಿದೀರಾ?" ಎಂದು ನಾನೇ ಎತ್ತಿಕೊಂಡೆ. "ಸಾಕಾಗಿಲ್ಲ. ಬನ್ನಿ ಒಳಗೆ, ಚಳಿ."

ಹಾಡು ಶುರುವಾಯಿತು. ಹೆಸರುಗಳು ಮೇಲೇರತೊಡಗಿದವು. ಅಮರೇಶ್ ಮೈಕಿನ ಸ್ವಿಚ್ಚಿಗೆ ಕೈ ನೀಡಿದರು.

ನಾನು ಅವರ ಕೈ ಹಿಡಿದೆ. ಅವರು ನನ್ನ ಮುಖ ನೋಡಿದರು. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಸ್ವಿಚ್ಚನ್ನೂ ಒತ್ತಲಿಲ್ಲ.

"ಶಾಂತಾದೇವಿ ಅಮ್ಮಾವ್ರೇ," ಅಂದೆ. ಮುದುಕಿಯ ದನಿಯಲ್ಲಲ್ಲ, ಹುಡುಗಿಯ ದನಿಯಲ್ಲೂ ಅಲ್ಲ. ಇದು ನನಗೇ ಹೊಸತಾಗಿ ಕೇಳಿಸಿತು. "ನಾನು ಸಂಘಮಿತ್ರ. ಸಣ್ಣಮಾದಯ್ಯನೋರ ಮಗಳು."

ಹೊರಗೆ ಶಾಮಣ್ಣನ ಅಂಗಡಿಯ ಟಿವಿಯಿಂದ ನನ್ನ ಹೆಸರು ಬೀದಿಗೆ ಬಿತ್ತು. ಎದುರು ಮನೆಯಿಂದಲೂ ಕೇಳಿತು. ಟೀ ಲೋಟಗಳ ಸದ್ದು ನಿಂತುಹೋಯಿತು. ಅಲ್ಲಿ ಅಪ್ಪ ನಿಂತಿರುತ್ತಾರೆ ಎಂದು ನೆನಪಾಯಿತು.

"ನಿಮ್ಮ ಮಗನನ್ನ ನಾನು ಎಲ್ಲಿಗೂ ಕರ್ಕೊಂಡು ಹೋಗಲ್ಲ. ನೀವು ಬೇಡ ಅಂದ್ರೆ ನಿಮ್ಮ ಗೇಟು ದಾಟಲ್ಲ. ಆದ್ರೆ ಇಷ್ಟು ದಿನ ನನ್ನ ಮಾತು ಕೇಳಿದೀರಿ, ನನ್ನ ಮುಖ ನೋಡಿಲ್ಲ. ನಾಳೆ ನಮ್ಮನೆಗೆ ಹೆಣ್ಣು ನೋಡೋಕೆ ಬರ್ತಾರೆ. ನೀವೂ ಬನ್ನಿ."

ಹಾಡು ಮುಗಿಯಿತು. ಪರದೆ ನೀಲಿಯಾಯಿತು. ಜಯಲಕ್ಷ್ಮಿಪುರಂನ ಆ ಪಡಸಾಲೆಯಲ್ಲಿ ಏನಾಗುತ್ತಿದೆಯೋ, ಅಲ್ಲಿಂದ ಇಲ್ಲಿಗೆ ದನಿ ಬರುವ ತಂತಿ ಇರಲಿಲ್ಲ.

ನಾನು ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದೆ.

"ನನ್ನ ನೋಡೋಕೆ ಬನ್ನಿ ಅಮ್ಮ."