ಖಾಲಿ ಬಿಟ್ಟ ಓನರ್ ಕಾಲಂ

ಮೂರನೇ ದಿನವೂ ನನ್ನ ಕುರ್ಚಿಯ ಮುಂದೆ ಟೀ ಇತ್ತು. ಬಿಸಿಯಾಗಿ, ಸಕ್ಕರೆ ಇಲ್ಲದೆ. ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂದು ಆ ಸಭೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಥ್ಯಾಂಕ್ಸ್ ಹೇಳಿ ಕುಡಿಯುತ್ತಿದ್ದರು. ನನಗೆ ಮೊದಲು ಹೊಳೆದದ್ದು, ಇದನ್ನು ತಂದಿಟ್ಟ ಪಕ್ಕದ ಕುರ್ಚಿಯವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು. ನನ್ನ ಹುಟ್ಟುಗುಣವೇ ಅಂಥದ್ದು. ನನ್ನ ಅಕ್ಕ ಬಟ್ಟೆ ಹೊಲಿಯುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನ್ನನ್ನು ‘ಅನುಮಾನಮ್ಮ’ ಎಂದು ಕರೆಯುತ್ತಾಳೆ.

“ಆರಿಹೋಗುತ್ತೆ,” ಎಂದ ಪಕ್ಕದ ಕುರ್ಚಿಯವನು, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

“ಆರಲಿ. ಇದಕ್ಕೆ ಬದಲಾಗಿ ಏನು ಕೇಳ್ತೀರಾ, ಅದನ್ನ ಮೊದಲು ಹೇಳಿ.”

“ಪುಟ ಹದಿನಾಲ್ಕರಲ್ಲಿ ಒಂದು ಅಲ್ಪವಿರಾಮ ತೆಗೀಬೇಕು.”

“ಅಷ್ಟೇನಾ?”

“ಪುಟ ಹದಿನೈದರಲ್ಲಿ ಎರಡು.”

ಇದೇ ಕಾರಣಕ್ಕೆ ಸಮಿತಿಯವರೆಲ್ಲ ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ನಾನು ಬರೆದ ಕರಡಿನ ಪ್ರತಿ ಪುಟಕ್ಕೂ ಅವನದೊಂದು ಆಕ್ಷೇಪಣೆ ಇದ್ದೇ ಇರುತ್ತಿತ್ತು. ಆಕ್ಷೇಪಣೆ ಎತ್ತುವಾಗ ತುಟಿಯ ಎಡತುದಿ ಒಂದಿಷ್ಟೇ ಮೇಲೇಳುತ್ತಿತ್ತು. ಅದನ್ನು ನಾನು ಗಮನಿಸಿದ್ದೆ ಎಂಬುದೇ ನನಗೆ ಸಿಟ್ಟು ತರಿಸುವ ವಿಷಯ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ದೂರದ ಕಂಪ್ಯೂಟರ್ ನೆಟ್‌ವರ್ಕಿನ ಮೇಲೆ ಕಣ್ಣಿಡುವ ಪೆಟ್ಟಿಗೆಗೆ ಪ್ರೋಬ್ ಎನ್ನುತ್ತೇವೆ. ಶೂ ಡಬ್ಬದಷ್ಟು ಇರುತ್ತದೆ. ಯಾವುದೋ ಕಟ್ಟಡದ ಮೂಲೆಯಲ್ಲಿ ಕೂತು, ಯಾವ ಯಂತ್ರ ಎಷ್ಟು ಮಾಹಿತಿ ಕಳಿಸಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ನೂರಾರು ಮೈಲಿ ಆಚೆಗೆ ವರದಿ ಒಪ್ಪಿಸುತ್ತದೆ. ಯಾರೇ ತಯಾರಿಸಿದ ಪ್ರೋಬ್ ಆದರೂ ಎಲ್ಲರಿಗೂ ಅರ್ಥವಾಗುವಂತೆ ವರದಿ ಕೊಡಬೇಕಲ್ಲ, ಅದಕ್ಕೊಂದು ಮಾನದಂಡ ಬರೆಯುವುದು ಸಮಿತಿಯ ಕೆಲಸ. ಬರೆಯುವ ಎಡಿಟರ್ ನಾನು. ವರ್ಷಕ್ಕೆ ಮೂರು ಸಲ, ಬಾಡಿಗೆ ಹಾಲ್‌ನಲ್ಲಿ ನಾಲ್ಕು ದಿನ ಕೂತು ಜಗಳವಾಡುತ್ತೇವೆ.

ಈ ಸಲದ ಜಗಳ ನಿಯಮ ಏಳರದ್ದು. ಒಂದು ಪ್ರೋಬಿನಲ್ಲಿ ಯಾರು ಬೇಕಾದರೂ ಒಂದು ಕಾವಲು ಇಡಬಹುದು: ಇಂಥ ಯಂತ್ರವನ್ನು ಇಷ್ಟು ಹೊತ್ತಿಗೊಮ್ಮೆ ನೋಡು ಎಂದು. ಪ್ರತಿ ಕಾವಲೂ ಪಟ್ಟಿಯಲ್ಲಿ ಒಂದು ಸಾಲು. ಕೊನೆಯ ಕಾಲಂ ‘ಓನರ್’: ಕಾವಲು ಇಟ್ಟವರ ಹೆಸರು, ಕೋಣೆ, ಫೋನ್ ನಂಬರ್. ಅದನ್ನು ‘ಬರೆಯಲೇಬೇಕು’ ಎಂದು ನಾನು. ‘ಬರೆಯಬಹುದು’ ಎಂದರೆ ಸಾಕು ಎಂದು ಅಲ್ಪವಿರಾಮನ ಕಂಪನಿ. ಒಬ್ಬರ ಮೇಲೆ ಕಣ್ಣಿಟ್ಟವರು ತಾವು ಯಾರೆಂದು ಹೇಳಲೇಬೇಕು ಎಂದು ನಾನು ಎರಡು ವರ್ಷ ಗಂಟಲು ಹರಿದುಕೊಂಡಿದ್ದೆ. ಈ ವಾರ ನಿಯಮ ಏಳು ಬಿದ್ದರೆ ಕರಡು ಬೇರೆ ಎಡಿಟರ್ ಕೈಗೆ ಹೋಗುತ್ತದೆ ಎಂದು ಅಧ್ಯಕ್ಷರು ನನಗೆ ನೇರವಾಗಿಯೇ ಹೇಳಿದ್ದರು.

ಅಂಥ ವಾರದಲ್ಲಿ ಎದುರು ಪಕ್ಷದವನು ಸಕ್ಕರೆ ಇಲ್ಲದ ಟೀ ತಂದಿಡುತ್ತಾನೆ ಎಂದರೆ ಅದು ಬೆಣ್ಣೆ ಹಚ್ಚುವುದಲ್ಲದೆ ಇನ್ನೇನು?

ಟೀ ಕುಡಿದೆ, ಅದು ಬೇರೆ ಮಾತು.

ಅಂದು ಬೆಳಗ್ಗೆ ಪಕ್ಕದ ಪರೀಕ್ಷಾ ಕೋಣೆಗೆ ಹೋದೆ. ಉದ್ದ ಮೇಜಿನ ಮೇಲೆ ಎಲ್ಲರ ಪ್ರೋಬ್‌ಗಳೂ ಸಾಲಾಗಿದ್ದವು. ನನ್ನದರ ಪಟ್ಟಿ ತೆರೆದು ಸಾಲುಗಳ ಮೇಲೆ ಬೆರಳಾಡಿಸಿದೆ. ಒಂಬತ್ತನೇ ಸಾಲಿನಲ್ಲಿ ಒಂದು ಕಾವಲು. ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿದ್ದದ್ದು ನನ್ನದೇ ಲ್ಯಾಪ್‌ಟಾಪನ್ನು. ಓನರ್ ಕಾಲಂ ಖಾಲಿ.

ಅಲ್ಪವಿರಾಮ ಎರಡು ಕುರ್ಚಿ ಆಚೆ ತನ್ನ ಪ್ರೋಬಿಗೆ ವೈರ್ ಚುಚ್ಚುತ್ತಿದ್ದ. ಕರೆದು ತೋರಿಸಿದೆ.

ಅವನು ಬಾಗಿ ನೋಡಿದ. ಆ ಸಾಲು ಓದಲು ಎರಡು ಸೆಕೆಂಡ್ ಸಾಕು. ಅವನು ತುಂಬ ಹೊತ್ತು ತೆಗೆದುಕೊಂಡ. ನಂತರ ನನ್ನ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ.

“ಅಳಿಸಿಬಿಡಿ,” ಎಂದ. “ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಾ.”

“ಯಾರು ಇಟ್ಟಿರಬಹುದು ಅಂತೀರಾ?”

“ಯಾರಾದ್ರೂ ಮರೆತು ಬಿಟ್ಟಿರ್ತಾರೆ.”

“ನಿಮಗೆ ಗೊತ್ತು.”

ತುಟಿಯ ಎಡತುದಿ ಈ ಸಲ ಮೇಲೇಳಲಿಲ್ಲ. “ಟೀಗೆ ಹೊತ್ತಾಯ್ತು,” ಎಂದು ಎದ್ದು ಹೋದ.

ಅಕ್ಕನಿಗೆ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು.

“ಅವನು ನನ್ನ ಮೇಲೆ ಕಣ್ಣಿಟ್ಟಿದ್ದಾನೆ, ಅಕ್ಕ.”

“ಇಡಲಿ ಬಿಡೇ. ಮೂವತ್ನಾಲ್ಕು ವರ್ಷಕ್ಕೆ ಒಬ್ಬನಾದ್ರೂ ಇಟ್ನಲ್ಲ.”

“ತಮಾಷೆ ಬೇಡ. ಕಂಪ್ಯೂಟರ್ ಮೇಲೆ.”

“ಅವನೇ ಅಂತ ನೋಡಿದ್ಯಾ?”

“ಮುಖ ನೋಡಿದ್ರೆ ಗೊತ್ತಾಗಲ್ವಾ?”

“ನಿನಗೆ ಹಾಲಿನವನ ಮುಖ ನೋಡಿದ್ರೂ ಗೊತ್ತಾಗಿತ್ತು, ನೀರು ಬೆರೆಸ್ತಾನೆ ಅಂತ,” ಎಂದಳು ಅಕ್ಕ. “ಆಮೇಲೆ ನೋಡಿದ್ರೆ ನಮ್ಮ ಪಾತ್ರೇಲೇ ನೀರಿತ್ತು.”

ಫೋನ್ ಇಟ್ಟೆ. ನನಗೆ ಸಿಟ್ಟಿಗಿಂತ ದುಃಖವಾಗಿತ್ತು. ಮೂರು ಸಭೆಗಳಿಂದ ಅವನು ಪಕ್ಕದಲ್ಲಿ ಕೂರುತ್ತಿದ್ದ, ಮತ್ತು ನಾನು ಪ್ರತಿ ಸಲವೂ ಪಕ್ಕದ ಕುರ್ಚಿಯ ಮೇಲೆ ಬ್ಯಾಗ್ ಇಡದೆ ಖಾಲಿ ಬಿಡುತ್ತಿದ್ದೆ. ಆ ದುಃಖ ಅಲ್ಲಿಯದು.

ಮಧ್ಯಾಹ್ನ ನಿಯಮ ಏಳು ಚರ್ಚೆಗೆ ಬಂತು. ನಾನು ಎದ್ದು ನಿಂತೆ.

“ಈ ನಿಯಮ ಯಾಕೆ ಬೇಕು ಅಂದ್ರೆ, ಇದೇ ಕಟ್ಟಡದಲ್ಲಿ ಯಾರೋ ನನ್ನ ಲ್ಯಾಪ್‌ಟಾಪ್ ಮೇಲೆ ಹೆಸರಿಲ್ಲದ ಕಾವಲು ಇಟ್ಟಿದ್ದಾರೆ. ‘ಬರೆಯಬಹುದು’ ಅನ್ನೋರು ಯಾಕೆ ಹಾಗಂತಾರೆ ಅಂತ ಈಗ ನನಗೆ ಗೊತ್ತಾಗಿದೆ.”

ಹೇಳುತ್ತ ಪಕ್ಕಕ್ಕೆ ನೋಡಿದೆ. ಇಡೀ ಹಾಲ್ ನನ್ನ ಕಣ್ಣು ಹೋದ ಕಡೆಗೇ ನೋಡಿತು. ಹಿಂದಿನ ಸಾಲಿನಲ್ಲಿದ್ದ ಅವನ ಮೇಲಧಿಕಾರಿ ಕೆಮ್ಮಿದ. ಅಲ್ಪವಿರಾಮ ಪೆನ್ನಿನ ಕ್ಯಾಪ್ ಮುಚ್ಚಿ, ತೆಗೆದು, ಮತ್ತೆ ಮುಚ್ಚಿದ.

ನಮ್ಮ ಸಮಿತಿಯಲ್ಲಿ ಕೈ ಎತ್ತುವ ಪದ್ಧತಿ ಇಲ್ಲ. ಎಲ್ಲರೂ ಕಣ್ಣು ಮುಚ್ಚಬೇಕು. ಪರ ಇರುವವರು ಬಾಯಿ ತೆರೆಯದೆ ಹೂಂಗುಟ್ಟಬೇಕು, ನಂತರ ವಿರೋಧ ಇರುವವರು. ಯಾವ ಹೂಂ ಜೋರಾಯಿತೋ ಅಧ್ಯಕ್ಷರು ಹೇಳುತ್ತಾರೆ. ಯಾರ ಮುಖ ನೋಡಿಯೂ ಯಾರೂ ಹೆದರಬಾರದು ಎಂದು ಈ ಏರ್ಪಾಡು.

“‘ಬರೆಯಲೇಬೇಕು’ ಅನ್ನೋರು,” ಎಂದರು ಅಧ್ಯಕ್ಷರು.

ಕಣ್ಣು ಮುಚ್ಚಿದೆ. ಹಾಲ್ ತುಂಬ ಹೂಂಕಾರ ಎದ್ದಿತು. ಅದರ ನಡುವೆ, ನನ್ನ ಬಲಗಿವಿಯ ಪಕ್ಕದಲ್ಲೇ, ತಗ್ಗಿದ ದನಿಯ ಒಂದು ಹೂಂ. ಮೂರು ಸಭೆ ಪಕ್ಕದಲ್ಲಿ ಕೂತ ದನಿ ನನಗೆ ಗೊತ್ತಾಗದೆ ಇರುತ್ತದೆಯೇ? ತನ್ನ ಕಂಪನಿಯ ವಿರುದ್ಧ, ಬಯ್ಯಿಸಿಕೊಂಡ ಎರಡೇ ನಿಮಿಷಕ್ಕೆ, ಅವನು ನನ್ನ ಪರ ಹೂಂಗುಟ್ಟಿದ್ದ.

ನಿಯಮ ಪಾಸಾಯಿತು. ಎಲ್ಲರೂ ಕೈಕುಲುಕಿದರು. ನನ್ನ ತಲೆಯಲ್ಲಿ ಮಾತ್ರ ಹುಳ ಕೊರೆಯುತ್ತಿತ್ತು. ತಪ್ಪು ಮಾಡಿದವನು ನನ್ನ ಪರ ಯಾಕೆ ನಿಲ್ಲುತ್ತಾನೆ?

ಪರೀಕ್ಷಾ ಕೋಣೆಗೆ ಓಡಿದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಪ್ರೋಬಿನ ಲಾಗ್‌ನಲ್ಲಿ ಆ ಕಾವಲು ಯಾವತ್ತು, ಯಾವ ಯಂತ್ರದಿಂದ ಬಂತು ಎಂದು ಇರುತ್ತದೆ. ಬೆಳಗ್ಗೆಯೇ ನೋಡಬೇಕಿತ್ತು. ಅವನ ಮುಖ ನೋಡುವ ಭರದಲ್ಲಿ ನೋಡಿರಲಿಲ್ಲ.

ಹಿಂದಿನ ಸಭೆಯ ಎರಡನೇ ದಿನ, ಹನ್ನೊಂದು ಇಪ್ಪತ್ತು. ಕಾವಲು ಇಟ್ಟ ಯಂತ್ರ, ನನ್ನದೇ ಲ್ಯಾಪ್‌ಟಾಪ್.

ಡೆಮೊ. ಕಾವಲು ಹೇಗೆ ಇಡುವುದು ಎಂದು ಎಲ್ಲರಿಗೂ ತೋರಿಸಲು ನಾನೇ ನನ್ನ ಮೇಲೆ ಇಟ್ಟುಕೊಂಡಿದ್ದೆ. ಓನರ್ ಕಾಲಂ ಆಮೇಲೆ ತುಂಬುತ್ತೇನೆ ಎಂದು ಬಿಟ್ಟಿದ್ದೆ. ಅದನ್ನು ಖಾಲಿ ಬಿಡಬಾರದು ಎಂದು ಎರಡು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ನೆಲ ಬಾಯಿ ಬಿಡಬಾರದೇ ಎನಿಸಿತು.

ಅವನು ಮೆಟ್ಟಿಲ ಬಳಿ ನಿಂತಿದ್ದ.

“ನಿಮಗೆ ಗೊತ್ತಿತ್ತಾ?”

“ಬೆಳಗ್ಗೆ ನೋಡಿದ ಕೂಡಲೇ. ಡೆಮೊ ದಿನ ನಾನು ಪಕ್ಕದಲ್ಲೇ ಕೂತಿದ್ನಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ? ಅಷ್ಟು ಜನರ ಮುಂದೆ ನಿಮ್ಮ ಮಾನ ತೆಗೆದೆ.”

“ಹೇಳಿದ್ರೆ ನಿಮ್ಮ ನಿಯಮ ಬಿದ್ದುಹೋಗ್ತಿತ್ತು. ಎಡಿಟರೇ ಪಾಲಿಸಲ್ಲ ಅಂತಿದ್ರು.”

“ನಿಮ್ಮ ಕಂಪನಿಗೆ ಬೇಕಾಗಿದ್ದೂ ಅದೇ ಅಲ್ವಾ?”

“ಕಂಪನಿಗೆ ಹೌದು,” ಎಂದ. ಅಷ್ಟೇ ಹೇಳಿ ಮೆಟ್ಟಿಲಿಳಿದ.

ಸುಮ್ಮನಿದ್ದುಬಿಡಬಹುದಿತ್ತು. ಒಂಬತ್ತನೇ ಸಾಲು ಅಳಿಸಿದರೆ ಕಥೆ ಮುಗಿಯುತ್ತಿತ್ತು. ಆದರೆ ಆ ಸಭೆಯವರೆಲ್ಲ ಅವನನ್ನು ಕಳ್ಳ ಎಂದುಕೊಂಡೇ ಮನೆಗೆ ಹೋಗುತ್ತಿದ್ದರು.

ಕೊನೆಯ ದಿನ ಸಭೆ ಶುರುವಾಗುತ್ತಲೇ ಎದ್ದು ನಿಂತೆ. “ನಿನ್ನೆ ನಾನು ಹೇಳಿದ ಹೆಸರಿಲ್ಲದ ಕಾವಲು ನನ್ನದೇ. ಖಾಲಿ ಬಿಟ್ಟವಳು ನಾನೇ. ಪಕ್ಕದಲ್ಲಿರೋರ ಮೇಲೆ ಅನುಮಾನಪಟ್ಟೆ. ಅವರ ಕ್ಷಮೆ ಕೇಳ್ತೀನಿ, ಎಲ್ಲರ ಮುಂದೆ.”

ಹಿಂದಿನ ಸಾಲಿನ ಮೇಲಧಿಕಾರಿ ಇದಕ್ಕೇ ಕಾದಿದ್ದವನಂತೆ ಎದ್ದ. “ನೋಡಿ, ಬರೆದವರಿಗೇ ಪಾಲಿಸೋಕೆ ಆಗಿಲ್ಲ. ‘ಬರೆಯಬಹುದು’ ಅಂತ ಮಾಡಿ. ಮತ್ತೆ ಹೂಂ ಕೇಳಿ.”

ಅಧ್ಯಕ್ಷರು ನನ್ನ ಕಡೆ ನೋಡಿದರು. ಎರಡು ವರ್ಷದ ದುಡಿಮೆ ಕಣ್ಣೆದುರೇ ನೀರಿನಲ್ಲಿ ಹೋಮವಾಗುತ್ತಿತ್ತು.

“ನನ್ನದೊಂದು ಆಕ್ಷೇಪಣೆ,” ಎಂದ ಅಲ್ಪವಿರಾಮ. ಯಾರೋ ನಕ್ಕರು. ಅವನು ನಗಲಿಲ್ಲ. “ಇಷ್ಟು ಎಚ್ಚರ ಇರೋ ಎಡಿಟರೇ ಮರೆತಿದ್ದಾರೆ ಅಂದ್ರೆ ಯಾರು ಬೇಕಾದ್ರೂ ಮರೀತಾರೆ. ಅದಕ್ಕೇ ಮನುಷ್ಯರ ನೆನಪಿಗೆ ಬಿಡಬೇಡಿ. ಓನರ್ ಕಾಲಂ ಖಾಲಿ ಇದ್ರೆ ಪ್ರೋಬೇ ಆ ಕಾವಲನ್ನ ತಿರಸ್ಕರಿಸಲಿ. ನಿಯಮ ಏಳಕ್ಕೆ ಈ ಒಂದು ಸಾಲು ಸೇರಿಸಿ.”

“ನೀನು ಯಾರ ಪರ ಮಾತಾಡ್ತಿದೀಯಾ?” ಎಂದ ಮೇಲಧಿಕಾರಿ.

“ನನ್ನ ಪರ, ಸರ್.”

ಕಣ್ಣು ಮುಚ್ಚಿದೆವು. ಆ ಹೂಂಗೆ ಕಿಟಕಿಯ ಗಾಜು ನಡುಗಿತು. ವಿರೋಧದ ಹೂಂ ಹಿಂದಿನ ಸಾಲಿನಿಂದ ಒಂದೇ ಬಂತು.

ಸಂಜೆ ಎಲ್ಲರೂ ಪ್ರೋಬ್‌ಗಳನ್ನು ಡಬ್ಬಕ್ಕೆ ಹಾಕುತ್ತಿದ್ದರು. ಅವನು ನನ್ನ ಮೇಜಿನ ಬಳಿ ಬಂದ.

“ಮುಂದಿನ ಸಭೆಗೆ ನಾನು ಬರಲ್ಲ. ಬೇರೆಯವರನ್ನ ಕಳಿಸ್ತಾರಂತೆ.”

“ನನ್ನಿಂದ ಹಾಗಾಯ್ತು.”

“ಅಲ್ಲ, ಅಲ್ಪವಿರಾಮನಿಂದ,” ಎಂದ. ತುಟಿಯ ಎಡತುದಿ ಮೇಲೆದ್ದಿತು. ಎರಡು ದಿನದಿಂದ ಅದನ್ನು ನೋಡದೆ ನಾನು ಎಷ್ಟು ಒಣಗಿದ್ದೆ ಎಂದು ಆಗ ತಿಳಿಯಿತು. “ಪ್ಯಾಕ್ ಮಾಡೋಕೆ ಮುಂಚೆ ಪಟ್ಟಿ ಒಂದ್ಸಲ ನೋಡಿ.”

ನೋಡಿದೆ. ಹತ್ತನೇ ಸಾಲು ಹೊಸದು. ಏನು ನೋಡಬೇಕು: ಎಡಿಟರ್ ಮೇಡಂ ಲ್ಯಾಪ್‌ಟಾಪ್ ಆನ್ ಆಯಿತೇ. ಎಷ್ಟು ಸಲ: ದಿನಕ್ಕೊಮ್ಮೆ, ಬೆಳಗ್ಗೆ ಒಂಬತ್ತಕ್ಕೆ. ಓನರ್: ಅಲ್ಪವಿರಾಮ, ಮೂರನೇ ಮಹಡಿಯ ಕೊನೆಯ ಕೋಣೆ, ಫೋನ್ ನಂಬರ್.

ಎಲ್ಲವೂ ಭರ್ತಿ. ಆದರೂ ಹುಟ್ಟುಗುಣ ಬಿಡುತ್ತದೆಯೇ? ಆ ನಂಬರಿಗೆ ಫೋನ್ ಮಾಡಿದೆ. ಅವನ ಜೇಬು ಗುಂಯ್‌ಗುಟ್ಟಿತು.

“ಸಾಕಾ? ಬೇಡ ಅಂದ್ರೆ ಅಳಿಸಿಬಿಡಿ. ಆ ಹಕ್ಕು ನಿಮ್ಮದೇ.”

“ಒಂದು ಪ್ರಶ್ನೆ ಉಳ್ಕೊಂಡಿದೆ,” ಎಂದೆ. “ನಾನು ಸಕ್ಕರೆ ಹಾಕ್ಕೊಳ್ಳಲ್ಲ ಅಂತ ನಿಮಗೆ ಯಾರು ಹೇಳಿದ್ದು?”

ಅವನ ಕಿವಿ ಕೆಂಪಾಯಿತು. “ಮೊದಲ ಸಭೇಲಿ ನಿಮ್ಮ ತಟ್ಟೇಲಿ ಸಕ್ಕರೆ ಪೊಟ್ಟಣ ಹಾಗೇ ಉಳಿದಿತ್ತು. ಎರಡನೇ ಸಭೇಲೂ ಉಳಿದಿತ್ತು.”

“ಅಂದ್ರೆ ವರ್ಷದಿಂದ ನನ್ನ ಮೇಲೆ ಕಣ್ಣಿಟ್ಟಿದ್ರಿ. ಹೆಸರು ಹೇಳದೆ.”

“ಹೂಂ. ಈಗ ಬರೆದಿದೀನಲ್ಲ.”

ನನ್ನ ಕಣ್ಣು ತುಂಬಿ ಬಂತು. ಅಳು ಬಂದರೆ ನನಗೆ ಕೆಲಸ ಮಾಡುವುದೊಂದೇ ಗೊತ್ತು. ಹತ್ತನೇ ಸಾಲು ತೆರೆದೆ. ‘ದಿನಕ್ಕೊಮ್ಮೆ’ ಎಂದಿದ್ದನ್ನು ಅಳಿಸಿ ‘ದಿನಕ್ಕೆ ಎರಡು ಸಲ’ ಎಂದು ತಿದ್ದಿ, ಸೇವ್ ಮಾಡಿ, ಸ್ಕ್ರೀನನ್ನು ಅವನ ಕಡೆ ತಿರುಗಿಸಿದೆ.

“ಆಕ್ಷೇಪಣೆ ಏನಾದ್ರೂ ಇದೆಯಾ?”

ಅವನು ಆ ಸಾಲನ್ನು ತುಂಬ ಹೊತ್ತು ಓದಿದ. ಮೂರು ಸಭೆಗಳಲ್ಲಿ ಮೊದಲ ಸಲ, ಅವನಿಗೆ ಯಾವ ಆಕ್ಷೇಪಣೆಯೂ ಇರಲಿಲ್ಲ.