ಬೆನ್ನಿಗೆ ಹದಿನೇಳು ಕ್ಲಿಪ್ಪು

ಚಚಡಿ ಊರಿನ ದೇಸಾಯರ ಹಳೆಯ ವಾಡೆಯ ಪಡಸಾಲೆಯಲ್ಲಿ ನಾನು ಬಿಳಿ ಗೌನು ತೊಟ್ಟು ನಿಂತಿದ್ದೆ. ನಿಂತಿದ್ದೆ ಅನ್ನುವುದಕ್ಕಿಂತ ನಿಲ್ಲಿಸಿದ್ದರು ಅನ್ನಬೇಕು. ಬೆನ್ನಿಗೆ ಹದಿನೇಳು ಕ್ಲಿಪ್ಪು ಹಾಕಿಸಿಕೊಂಡವಳು ಕೂರು ಎಂದರೂ ಕೂರಲಾರಳು.

ಬೈಲಹೊಂಗಲದಲ್ಲಿ ನನ್ನ ಅತ್ಯಾ, ಅಂದರೆ ಅಪ್ಪನ ತಂಗಿ ಯಮುನಾಬಾಯಿ, ಮದುವೆ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾಳೆ. ಮದುವೆಗೆ ಮೊದಲು ವಿಲಾಯತಿ ರಾಣಿಯರ ಹಾಗೆ ನೆಲ ಗುಡಿಸುವ ಗೌನು ತೊಟ್ಟು ಫೋಟೋ ತೆಗೆಸಿಕೊಳ್ಳುವುದು ಈಗಿನ ಹುಡುಗಿಯರ ಹುಚ್ಚು. ಎಲ್ಲರಿಗೂ ಆಗಲಿ ಎಂದು ಗೌನುಗಳನ್ನು ದೊಡ್ಡ ಅಳತೆಯಲ್ಲೇ ಹೊಲಿಯುತ್ತೇವೆ. ಹೊಲಿಯುವವಳು ನಾನೇ. ತೆಳ್ಳಗಿನವರು ತೊಟ್ಟರೆ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತೇವೆ. ಮುಂದಿನಿಂದ ನೋಡಿದರೆ ಅವರಿಗೆಂದೇ ಹೊಲಿದಂತಿರುತ್ತದೆ. ಹಿಂದಿನಿಂದ ಯಾರೂ ಫೋಟೋ ತೆಗೆಯುವುದಿಲ್ಲ.

ಅಂದು ಹೊಸ ಗೌನುಗಳ ಫೋಟೋ ತೆಗೆಯಬೇಕಿತ್ತು. ಬರಬೇಕಾಗಿದ್ದ ಮಾಡೆಲ್ ಹುಡುಗಿಗೆ ಜ್ವರ ಬಂದು, ಗೌನು ನನ್ನ ಮೈಮೇಲೆ ಬಂತು; ಕ್ಲಿಪ್ಪು ಅತ್ಯಾ ತಾನೇ ನಿಂತು ಹಾಕಿದಳು. ವಾಡೆಯಲ್ಲಿ ಕಸ ಗುಡಿಸುವ ರಾಚವ್ವ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, ಸೊಳ್ಳೆ ಪರದೆ ಯಾಕೆ ಸುತ್ತಿಕೊಂಡೆಯವ್ವಾ ಎಂದು ಕೇಳಿದಳು.

ಕ್ಯಾಮೆರಾ ಹಿಡಿದಿದ್ದವನು ವಿರೂಪಾಕ್ಷ. ಊರು ಸಂಗೊಳ್ಳಿ, ಸ್ಟುಡಿಯೋ ಸವದತ್ತಿಯಲ್ಲಿ. ಎರಡು ವರ್ಷದಿಂದ ನಮ್ಮ ಅಂಗಡಿಯ ಫೋಟೋಗಳೆಲ್ಲ ಅವನವೇ. ಬೇರೆ ಹುಡುಗಿಯರ ಮುಖಕ್ಕೆ ಕೂದಲು ಬಿದ್ದರೆ ಸರಿಸಿಕೊಳ್ಳಿ ಅನ್ನುತ್ತಾನೆ. ನನ್ನ ಮುಖಕ್ಕೆ ಬಿದ್ದರೆ ಗಾಳಿಯೇ ಸರಿಸಲಿ ಎಂದು ಕಾಯುತ್ತಾನೆ. ಇದನ್ನು ನಾನು ಗಮನಿಸಿಲ್ಲ ಎಂದು ಅವನು ತಿಳಿದಿದ್ದ. ಗಂಡಸರಿಗೆ ಇಂಥ ಧೈರ್ಯ ಎಲ್ಲಿಂದ ಬರುತ್ತದೋ.

ಆದರೆ ಅಂದು ನನಗೆ ಅವನ ಮೇಲೆ ಕೆಂಡದಂಥ ಸಿಟ್ಟಿತ್ತು. ಮೂರು ತಿಂಗಳ ಹಿಂದೆ, ಅಂಗಡಿಯ ಬೋರ್ಡಿಗೆ ಬೇಕು ಎಂದು ಅತ್ಯಾ ಅವನಿಂದ ನನ್ನದೊಂದು ಫೋಟೋ ತೆಗೆಸಿದ್ದಳು, ಹಸಿರು ಇಳಕಲ್ ಸೀರೆಯಲ್ಲಿ. ಫೋಟೋ ಬೋರ್ಡಿಗೆ ಏರಲಿಲ್ಲ. ನನ್ನ ಕುಂಡಲಿಯ ಜೊತೆ ರಾಮದುರ್ಗಕ್ಕೆ ಹೋಯಿತು. ಅಲ್ಲಿಯ ಲೆಕ್ಚರರ್ ಅನಿಕೇತ, ಈ ನಗುವಿನ ಹುಡುಗಿಯೇ ಆಗಬೇಕು ಎಂದನಂತೆ. ಬರುವ ಗುರುವಾರ ನಿಶ್ಚಿತಾರ್ಥ.

ನನ್ನನ್ನು ಯಾರೂ ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ಯಾ ಕೇಳಿದ್ದಳು. ತಾಯಿ ಇಲ್ಲದ ನನ್ನನ್ನು ಏಳನೆಯ ವಯಸ್ಸಿನಿಂದ ಮಗ್ಗುಲಲ್ಲಿ ಮಲಗಿಸಿಕೊಂಡು ಬೆಳೆಸಿದವಳು ಕೇಳಿದರೆ, ಬಾಯಿಗೆ ಬರುವುದು "ಹೂಂ" ಒಂದೇ. ನಾನು ಬೇರೆ ಯಾರ ಹೆಸರು ಹೇಳಲಿ? ನಾವು ಪಂಚಾಂಗದ ಮನೆಯವರು, ವಿರೂಪಾಕ್ಷ ಜೋಳದ ಹೊಲದವರ ಮಗ. ಅವನಾದರೂ ಬಾಯಿಬಿಟ್ಟು ಏನನ್ನೂ ಹೇಳಿರಲಿಲ್ಲ. ಎರಡು ತಿಂಗಳಿಂದ ನನಗೆ ಊಟ ಸೇರುತ್ತಿರಲಿಲ್ಲ, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು.

ಮೂರನೆಯ ಗೌನು ತೊಟ್ಟಿದ್ದಾಗ ಅತ್ಯಾಳಿಗೆ ರಾಮದುರ್ಗದಿಂದ ಫೋನು ಬಂತು. ಅನಿಕೇತನಿಗೆ ನನ್ನದೊಂದು ಗೌನಿನ ಫೋಟೋ ಬೇಕಂತೆ, ಈಗಲೇ. ನಗು ಮಾತ್ರ ಮೊದಲಿನದೇ ಇರಬೇಕಂತೆ. ಅತ್ಯಾ ವಿರೂಪಾಕ್ಷನಿಗೆ ಅದನ್ನು ಎರಡೆರಡು ಸಲ ಹೇಳಿ, ಚಹಾ ತರಲು ರಾಚವ್ವನ ಮನೆಗೆ ಹೋದಳು.

ಅವನು ಮೂವತ್ತು ಸಲ ಕ್ಯಾಮೆರಾ ಒತ್ತಿದ. ಕಂಬಕ್ಕೆ ಒರಗಿಸಿದ, ಕಿಟಕಿಯ ಬೆಳಕಿಗೆ ತಿರುಗಿಸಿದ. ನನ್ನ ತುಟಿ ಅಗಲವಾಯಿತೇ ಹೊರತು ನಗು ಬರಲಿಲ್ಲ.

"ಮೇಡಂ, ಅವತ್ತಿನಂಗ ನಗ್ರಿ," ಎಂದ. ದನಿಯಲ್ಲಿ ಜೀವವಿರಲಿಲ್ಲ.

"ಅವತ್ತ ಯಾಕ ಅಷ್ಟು ಚಂದ ತೆಗದ್ರಿ? ಸ್ವಲ್ಪ ಕೆಡಿಸಿದ್ರ ನಿಮ್ಮ ಗಂಟೇನ ಹೋಗ್ತಿತ್ತು?"

ಅವನು ಕ್ಯಾಮೆರಾದ ಬೆಲ್ಟನ್ನು ಸುಮ್ಮನೆ ಬೆರಳಿಗೆ ಸುತ್ತತೊಡಗಿದ.

"ಬೋರ್ಡಿಗೆ ಅಂದಿದ್ರು. ಬೈಲಹೊಂಗಲಕ್ಕ ಬಂದು ಬಸ್ ಇಳದ್ರ ಸಾಕು, ನಿಮ್ಮ ಮುಖ ಕಾಣತೈತಿ ಅಂತ ಆಸೆ ಇಟ್ಟು ತೆಗದೆ. ಆಮ್ಯಾಲ ಅದನ್ನ ರಾಮದುರ್ಗಕ್ಕ ಕಳಸಿದ್ದೂ ನನ್ನ ಕೈಯಾರನ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಎರಡು ವರ್ಷ ಕಾದ ಮಾತು ಹೀಗೆ, ಕೂರಲೂ ಆಗದೆ ನಿಂತಿದ್ದಾಗ ಬರಬೇಕೇ?

"ಅವತ್ತ ನಾ ಕ್ಯಾಮೆರಾ ನೋಡಿರ್ಲಿಲ್ರಿ," ಎಂದೆ. "ನಿಮ್ಮನ್ನ ನೋಡಿದ್ದೆ."

ಅವನ ಮುಖ ಕಿವಿಯವರೆಗೂ ಕೆಂಪೇರಿತು. "ಹರಿಪ್ರಿಯಾ," ಎಂದ ಮೆಲ್ಲಗೆ. ಎರಡು ವರ್ಷದ "ಮೇಡಂ" ಅಲ್ಲಿಗೆ ಮುಗಿಯಿತು. ನಾನು ನಕ್ಕೆ. ಕ್ಯಾಮೆರಾ ಹಿಡಿದ ಕೈಯ ಅಭ್ಯಾಸ ಬಿಡುವುದಿಲ್ಲವಲ್ಲ, ಒತ್ತಿಬಿಟ್ಟ.

ಮರುಕ್ಷಣವೇ ಇಬ್ಬರಿಗೂ ಗುರುವಾರ ನೆನಪಾಯಿತು. ಅತ್ಯಾಳ ಹತ್ತಿರ ತಾನೇ ಮಾತಾಡುವುದಾಗಿ ಅವನು ಹೇಳಿದ. ನಾನು ಬೇಡವೆಂದೆ. ಅವನು ಮಾತಾಡಿದರೆ ಅದು ಅವನ ತಪ್ಪಾಗುತ್ತದೆ. ಹೂಂ ಎಂದವಳು ನಾನು, ಬಿಡಿಸಿಕೊಳ್ಳಬೇಕಾದವಳೂ ನಾನೇ.

ಅಷ್ಟರಲ್ಲಿ ಅತ್ಯಾ ಚಹಾದ ಕಿಟ್ಲಿ ಹಿಡಿದು ಬಂದಳು. ಬಂದವಳೇ ಕ್ಯಾಮೆರಾ ಇಸಿದುಕೊಂಡು ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಕೊನೆಯದಕ್ಕೆ ಬಂದಾಗ ಅವಳ ಮುಖ ಅರಳಿತು.

"ಬಂತು ನೋಡು, ಅದ ನಗಿ. ಇದನ್ನ ಕಳಸಪಾ ವಿರೂಪಾಕ್ಷ."

ವಿರೂಪಾಕ್ಷ ಫೋನು ಮುಟ್ಟಲಿಲ್ಲ. ನನ್ನನ್ನು ನೋಡಿದ. ಇದೊಂದು ಫೋಟೋ ಹೋದರೆ ಗುರುವಾರವನ್ನು ಯಾರೂ ತಡೆಯಲಾರರು.

"ಕಳಸಬ್ಯಾಡ ಅತ್ಯಾ," ಎಂದೆ. "ಆ ನಗಿ ಅವರದಲ್ಲ. ಮೊದಲನೇ ಫೋಟೋದಾಗಿಂದೂ ಅವರದಲ್ಲ."

ಅತ್ಯಾ ಮತ್ತೆ ಫೋಟೋ ನೋಡಿದಳು. ಅದರಲ್ಲಿ ನನ್ನ ಕಣ್ಣು ಲೆನ್ಸಿಗಿಂತ ಒಂದು ಗೇಣು ಮೇಲೆ ನೋಡುತ್ತಿತ್ತು. ಅತ್ಯಾ ತಲೆಯೆತ್ತಿ, ಆ ಒಂದು ಗೇಣು ಮೇಲಿದ್ದ ಮುಖವನ್ನು ನೋಡಿದಳು. ಕಿಟ್ಲಿಯನ್ನು ಕಟ್ಟೆಯ ಮೇಲಿಟ್ಟಳು.

"ನಿಮ್ಮ ಮನ್ಯಾಗ ಗೊತ್ತದ ಏನಪಾ?"

"ನನಗೂ ಈಗಷ್ಟ ಗೊತ್ತಾಗೇತ್ರಿ," ಎಂದ ವಿರೂಪಾಕ್ಷ.

ಅತ್ಯಾ ನಗಲಿಲ್ಲ. ಸಿಟ್ಟಿನಿಂದ ಹೊರಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ನನ್ನ ಹಿಂದೆ ಬಂದು ನಿಂತಳು. ಒಂದು ಕ್ಲಿಪ್ಪು ತೆಗೆದಳು, ಇನ್ನೊಂದು ತೆಗೆದಳು. ಭುಜದ ಹತ್ತಿರದ ಒಂದು ಕ್ಲಿಪ್ಪು ಚರ್ಮವನ್ನೇ ಕಚ್ಚಿತ್ತು. ಆ ಕೆಂಪು ಗುರುತಿನ ಮೇಲೆ ಅವಳ ಬೆರಳು ನಿಂತಿತು.

"ಇಷ್ಟು ಬಿಗಿ ಹಾಕೀನಿ. ನೋಯ್ತದ ಅಂತ ಒಂದು ಮಾತು ಹೇಳಬಾರದೇನ?"

ನನಗೆ ಅಳು ತಡೆಯಲಾಗಲಿಲ್ಲ. ನೀನು ಕೇಳಿದರೆ ನನ್ನ ಬಾಯಿಂದ ಇಲ್ಲ ಅನ್ನುವುದು ಬರುವುದೇ ಇಲ್ಲ ಎಂದು ಹೇಳಿದೆ. ಅದೇ ತಪ್ಪು ಎಂದಳು ಅತ್ಯಾ. ವಿರೂಪಾಕ್ಷನ ಮನೆಯವರದು, ನಮ್ಮವರದು, ಆ ಮಾತೆಲ್ಲ ಆಮೇಲೆ, ಅದಕ್ಕೆ ತಾನು ಇನ್ನೂ ಹೂಂ ಅಂದಿಲ್ಲ ಎಂದೂ ಹೇಳಿದಳು. ಹೇಳುತ್ತಲೇ ಕ್ಲಿಪ್ಪು ತೆಗೆಯುತ್ತಿದ್ದಳು.

ವಿರೂಪಾಕ್ಷ ಕ್ಯಾಮೆರಾ ಆಫ್ ಮಾಡಿ ಅಂಗಳದ ಕಡೆ ಮುಖ ತಿರುಗಿಸಿ ನಿಂತ. ಕೊನೆಯ ಕ್ಲಿಪ್ಪು ಬಿಚ್ಚಿಕೊಂಡಾಗ, ಎರಡು ತಿಂಗಳಲ್ಲಿ ಮೊದಲ ಸಲ, ನನ್ನ ಉಸಿರು ಹೊಟ್ಟೆಯವರೆಗೂ ಇಳಿಯಿತು.

ಆಗ ಅತ್ಯಾಳ ಫೋನು ಹೊಡೆದುಕೊಂಡಿತು. ರಾಮದುರ್ಗದ್ದು. ಅವಳ ಎರಡೂ ಕೈತುಂಬ ಕ್ಲಿಪ್ಪು.

"ನೀನ ಎತ್ತು," ಎಂದಳು.

ಸಡಿಲಾದ ಗೌನನ್ನು ಒಂದು ಕೈಯಿಂದ ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಫೋನು ತೆಗೆದುಕೊಂಡೆ.

"ಹಲೋ," ಎಂದೆ. "ನಾ ಹರಿಪ್ರಿಯಾ ಮಾತಾಡ್ಲಿಕ್ಕತ್ತೀನ್ರಿ."